ಮೂರು ಖೋಲಿ, ಒಂದು ಫೋಲ್ಡರ್

೨೦೦೫ರಾಗ ಗಡಿಯಾಚೆ ಮಹಾರಾಷ್ಟ್ರದ ಉಮದಿಯೊಳಗ ನಮ್ಮದೊಂದು ಪ್ರಿಂಟಿಂಗ್ ಪ್ರೆಸ್ ಇತ್ತು. ಪ್ರೆಸ್ ಅಂದ್ರ ಬ್ಯಾರೆ ಕಟ್ಟಡ ಅಲ್ಲ, ನಮ್ಮ ಮನೀನ. ಮುಂದಿನ ಖೋಲಿಯೊಳಗ ಛಾಪಿಸೋ ಮಷಿನ್, ನಡುವಿನ ಖೋಲಿಯೊಳಗ ಮಡಚೋದು, ಕಟ್ಟೋದು, ಹಿಂದ ಅಡಗಿ. ನನ್ನ ಗಂಡ ತೀರಿದ ಮ್ಯಾಲ ಮಾಲಕಿ ನಾನ. ನನ್ನ ಸಾಲಿ ಎರಡನೇ ಇಯತ್ತೆಗೆ ನಿಂತದ್ದು. ಕಾರ್ಡ್ ಓದೂದಕ್ಕಿಂತ ಮಡಚೂದು ನನಗ ಚಲೋ ಬರ್ತದ.

ನಮ್ಮ ಅನ್ನ ಲಗ್ನದ ಕಾರ್ಡಿನ ಮ್ಯಾಲ. ಇಲ್ಲಿ ಒಂದು ಲಗ್ನಕ್ಕ ಎರಡು ಥರದ ಕಾರ್ಡ್ ಬೇಕು: ತಮ್ಮ ಮಂದಿಗೆ ಕನ್ನಡದ್ದು, ಮಿರಜ ಕಡೆಯ ಬೀಗರಿಗೆ ಮರಾಠಿದು. ಮಗ ದಸ್ತಗೀರ ಮುಂದಿನ ಕಂಪ್ಯೂಟರಿನ್ಯಾಗ ಕನ್ನಡ ಮಾಡ್ತಿದ್ದ. ಸೊಸಿ ಶಮೀಮ ನಡುವಿನ ಖೋಲಿಯೊಳಗ, ನನ್ನ ಬಾಜೂಕ ಕುಂತು, ಮರಾಠಿ ಮಾಡ್ತಿದ್ಲು. ಮೂರನೇದು ಹಳೇ ಕಂಪ್ಯೂಟರ್, ಪಡಸಾಲಿಯೊಳಗ. ಅದರ ಮುಂದ ಸಿದ್ರಾಮಪ್ಪ. ನನ್ನ ಗಂಡನ ಕಾಲದಿಂದ ಸೀಸದ ಅಕ್ಷರ ಜೋಡಿಸಿದ ಮನಶ್ಯಾ. ಈಗ ಪ್ರೂಫ್ ತಿದ್ದತಿದ್ದ.

ಫೈಲ್ ಒಂದು ಖೋಲಿಯಿಂದ ಇನ್ನೊಂದಕ್ಕ ಫ್ಲಾಪಿಯೊಳಗ ಹೋಗ್ತಿತ್ತು. ಒಂದು ಸಲ ಸಿದ್ರಾಮಪ್ಪ ಮದುಮಗನ ಹೆಸರು ತಿದ್ದಿದ, ದಸ್ತಗೀರ ತಿದ್ದಲಾರದ ಹಳೇ ಫೈಲೇ ಛಾಪಿಸಿದ. ಗಿರಾಕಿ ಬಂದು, "ನನ್ನ ಮಗಳನ್ನ ಯಾರಿಗೆ ಕೊಡಾಕ ಹತ್ತೀರಿ ನೀವು?" ಅಂದ. ಅಷ್ಟೂ ಕಾರ್ಡ್ ಒಲಿಗೆ ಹೋದವು.

ಅವತ್ತ ಶಮೀಮ ಅಂದ್ಲು, "ಮೂರೂ ಕಂಪ್ಯೂಟರ್ ಜೋಡಸೂಣ. ಫೈಲ್ ಒಂದ ಕಡೆ ಇರ್ಲಿ."

"ಮನಿಯೊಳಗ ನಾಕ ಹೆಜ್ಜಿ ನಡೀಲಿಕ್ಕ ವೈರ್ ಬೇಕೇನ?" ಅಂದ ದಸ್ತಗೀರ.

"ನೀವು ನಡೆದಿದ್ರ ಆ ಹೆಸರು ತಪ್ಪತಿರಲಿಲ್ಲ" ಅಂದ್ಲು. ನಾ ನಕ್ಕೆ. ಅವ ಗ್ವಾಡಿಗೆ ತೂತ ಹೊಡದ.

ಶಮೀಮ ವಿಜಾಪುರದ ಹುಡುಗಿ, ಅಲ್ಲಿ ಕಂಪ್ಯೂಟರ್ ಕಲಿತು ಬಂದಾಕಿ. ಸ್ವಿಚ್ ಅಂತ ಒಂದು ಡಬ್ಬಿ ತರಿಸಿದ್ಲು. ಸ್ವಿಚ್ ಅಂದ್ರ ದೀಪದ ಗುಂಡಿ ಅಲ್ಲ, ಎಲ್ಲಾ ಕಂಪ್ಯೂಟರಿನ ಕೇಬಲ್ ಬಂದು ಕೂಡೋ ಜಾಗ. ಮೂರಕ್ಕೂ ಒಂದೊಂದು ನಂಬರ್ ಕೊಟ್ಲು, ಮೂರನ್ನೂ ಒಂದ ಗುಂಪಿಗೆ ಸೇರಿಸಿದ್ಲು. ಹಳೇ ಕಂಪ್ಯೂಟರ್ ಮಾತ್ರ ಉಳಿದ ಎರಡಕ್ಕೂ ಕಾಣಲಿಲ್ಲ. ಹೊರಗಿನವರನ್ನ ತಡಿಯೋ ಫೈರ್‌ವಾಲ್ ಮನೀ ಮಂದೀನೂ ತಡೀತಿತ್ತು. ಅದಕ್ಕ ಮನಿಯವರು ಯಾರು ಅಂತ ತಿಳಿಸಿಕೊಟ್ಲು. ಆಮ್ಯಾಲ ತನ್ನ ಕಂಪ್ಯೂಟರಿನ್ಯಾಗ ಒಂದು ಫೋಲ್ಡರ್ ಮಾಡಿ ಶೇರ್ ಮಾಡಿದ್ಲು. ಒಂದೊಂದು ಲಗ್ನಕ್ಕ ಒಳಗ ಒಂದೊಂದು ಸಣ್ಣ ಫೋಲ್ಡರ್, ಅದರಾಗ ಕನ್ನಡ ಮರಾಠಿ ಎರಡೂ. ಯಾವ ಖೋಲಿಯೊಳಗ ತಿದ್ದಿದ್ರೂ ಎಲ್ಲಾರಿಗೂ ಅದ ಕಾಣ್ತಿತ್ತು. ನನಗ ಖರೇ ಖುಷಿ ಆತು. ಹೇಳಲಿಲ್ಲ.

ವೈಶಾಖದ ಹಂಗಾಮಿನ್ಯಾಗ ಒಂದು ಮುಂಜಾನೆ ಸೊರಡಿಯ ಬಸಗೊಂಡ ಬಂದ. ಮಗಳ ಲಗ್ನದ ಕನ್ನಡ ಕಾರ್ಡ್ ಒಯ್ದಿದ್ದ, ಮರಾಠಿ ಕಾರ್ಡ್ ಒಯ್ಯಬೇಕಿತ್ತು. ಶಮೀಮ ಫೋಲ್ಡರ್ ತೆರೆದ್ಲು. ಅವನ ಲಗ್ನದ್ದು ಒಳಗ ಏನೂ ಇಲ್ಲ. ಬರೇ ಅವನದಲ್ಲ, ಆ ಹಂಗಾಮಿನ ಅರ್ಧಕ್ಕಿಂತ ಹೆಚ್ಚು ಲಗ್ನ ಹೋಗಿಬಿಟ್ಟಿದ್ವು.

ಸಿದ್ರಾಮಪ್ಪ ಪಡಸಾಲಿಯಿಂದಲೇ ಅಂದ, "ಛಾಪ್ ಆದವನ್ನೆಲ್ಲಾ ನಾ ನಿನ್ನೆ ಒಡದೀನವ್ವ."

ಇದು ತಿಳೀಬೇಕಂದ್ರ ಹಳೇ ಕೆಲಸ ತಿಳೀಬೇಕು. ಸೀಸದ ಅಕ್ಷರ ಎಣಿಸಿದಷ್ಟ ಇರ್ತಾವ. ಒಂದು ಕೆಲಸ ಛಾಪ್ ಆದ ಕೂಡ್ಲೆ ಜೋಡಣಿ ಒಡದು ಅಕ್ಷರ ತಿರುಗಿ ಖಾನ್ಯಾಕ ಹಾಕಬೇಕು, ಇಲ್ಲಂದ್ರ ಮುಂದಿನ ಕೆಲಸಕ್ಕ ಅಕ್ಷರ ಇಲ್ಲ. ಅದ ಕಾಯ್ದೆ ಕಂಪ್ಯೂಟರಿನ್ಯಾಗೂ ನಡಿಸಿ, ಛಾಪ್ ಆದದ್ದನ್ನೆಲ್ಲಾ ಅಳಿಸಿದ್ದ. ಕನ್ನಡ ಛಾಪ್ ಆದ ಲಗ್ನ ಅವನ ಲೆಕ್ಕದಾಗ ಮುಗಿದ ಲಗ್ನ.

ದಸ್ತಗೀರ ಒದರಿದ, "ನಾಳಿಂದ ನೀ ಬರಬ್ಯಾಡ!"

"ಬರೂದಿಲ್ಲ. ಆದ್ರ ಜೋಡಣಿ ಒಡೀದಿದ್ರ ಅಕ್ಷರ ಎಲ್ಲಿಂದ ತರ್ತಿ, ನಿಮ್ಮಪ್ಪನ ಗೋರಿಯಿಂದನ?" ಅಂದ ಸಿದ್ರಾಮಪ್ಪ.

ಬಸಗೊಂಡ ಚಹಾದ ಬಶಿ ಕೆಳಗಿಟ್ಟ. "ನಿಮ್ಮ ಜಗಳ ಆಮ್ಯಾಲ ಆಡ್ರಿ. ನಾಳಿ ಬೀಗರ ಊರಿಗೆ ನಾ ಕಾರ್ಡ್ ಒಯ್ಯಬೇಕು. ಕನ್ನಡದ್ದು ಕೊಟ್ಟು, ಮನಿಮನಿಗೆ ನಿಂತು ಓದಿ ಹೇಳಲೇನು?"

ಒಂದು ಕಾರ್ಡಾದ್ರ ತಿರುಗಿ ಟೈಪ್ ಮಾಡಬಹುದು. ಅಷ್ಟೂ ಲಗ್ನದವರು ಹಿಂಗ ಬಂದು ಕುಂತ್ರ ಪ್ರೆಸ್ಸಿಗೆ ಕೀಲಿ ಹಾಕೂದ.

ಶಮೀಮ ಅಳಲಿಲ್ಲ, ಬೈಲಿಲ್ಲ. ಅಳಿಸಿದ್ದು ಹೋಗಿ ಬೀಳೋ ರೀಸೈಕಲ್ ಬಿನ್ ನೋಡಿದ್ಲು, ಖಾಲಿ. ಬ್ಯಾರೆ ಕಂಪ್ಯೂಟರಿನಿಂದ ಅಳಿಸಿದ್ದು ಆ ಬುಟ್ಟಿಗೆ ಬರೂದಿಲ್ಲಂತ. ಕೂಡ್ಲೆ ಕಂಪ್ಯೂಟರ್ ಬಂದ್ ಮಾಡಿದ್ಲು. "ಇದನ್ನ ಯಾರೂ ಚಾಲೂ ಮಾಡಬ್ಯಾಡ್ರಿ. ಹೆಸರಷ್ಟ ಹೋಗೇತಿ, ಒಳಗಿಂದು ಇನ್ನೂ ಐತಿ. ಅದರ ಮ್ಯಾಲ ಹೊಸಾದು ಬಿದ್ರ ಮುಗೀತು."

ತಿರುಪು ಬಿಚ್ಚಿ ಹಾರ್ಡ್ ಡಿಸ್ಕ್ ತೆಗೆದ್ಲು. ಕಂಪ್ಯೂಟರ್ ತನ್ನ ಸಾಮಾನು ಇಡೋ ಪೆಟ್ಟಿಗಿ ಅದು. ದಸ್ತಗೀರನ ಕಂಪ್ಯೂಟರಿಗೆ ಎರಡನೇದಾಗಿ ಜೋಡಿಸಿ, ಅಳಿಸಿದ್ದು ಹುಡುಕೋ ಪ್ರೋಗ್ರಾಮ್ ಸೀಡಿಯಿಂದ ಹಚ್ಚಿದ್ಲು. ಫೈಲ್ ಬರಾಕ ಹತ್ತಿದ್ವು, ಆದ್ರ ಹೆಸರಿಲ್ಲದವು, ಬರೇ ನಂಬರ್. ಯಾವ ಲಗ್ನ ಯಾವುದು?

"ಕಾಕಾ, ಇಲ್ಲಿ ಬರ್ರಿ" ಅಂದ್ಲು.

ಸಿದ್ರಾಮಪ್ಪ ಚಪ್ಪಲಿ ಮೆಟ್ಟಿದ್ದ. ಬಿಟ್ಟು ಬಂದ. ಆಕಿ ಒಂದೊಂದು ತೆರೆಯೂದು, ಅವ ನೋಡಿ ಯಾವ ಊರು, ಯಾರ ಮನಿ ಅನ್ನೂದು, ಆಕಿ ಹೆಸರು ಹಾಕೂದು. ಊಟದ ಹೊತ್ತಿಗೆ ಬಸಗೊಂಡನ ಮರಾಠಿ ಕಾರ್ಡ್ ಸಿಕ್ತು. ಸಂಜಿ ಬಸ್ಸಿಗೆ ಅವ ಛಾಪಿಸಿದ ಕಾರ್ಡಿನ ಗಂಟು ಬಗಲಾಗ ಹಿಡಕೊಂಡು ಸೊರಡಿಗೆ ಹೋದ. ಉಳಿದವೂ ಬಂದ್ವು. ಕೆಲವು ಕೆಟ್ಟಿದ್ವು, ಅವನ್ನ ತಿರುಗಿ ಮಾಡಿದ್ರು.

ದಸ್ತಗೀರ ಇನ್ನೂ ಗುರ್ ಅಂತಿದ್ದ. ಶಮೀಮ ಅವನಿಗೆ ಅಂದ್ಲು, "ಅವರನ್ನ ಯಾಕ ಕಳಸ್ತೀರಿ? ಎಲ್ಲಾರಿಗೂ ಅಳಸಾಕ ಬರೋ ಹಂಗ ಇಟ್ಟಾಕಿ ನಾನು." ಎರಡು ಫೋಲ್ಡರ್ ಮಾಡಿದ್ಲು, ಮೊದಲು ಶೇರ್ ಮಾಡೂಮುಂದ ಹಾಕಿದ್ದ 'ಎಲ್ಲಾರೂ ಬದಲಿ ಮಾಡಬಹುದು' ಅನ್ನೋ ಟಿಕ್ ಎರಡನೇದಕ್ಕ ಹಾಕಲಿಲ್ಲ. ನಡದ ಕೆಲಸದ್ದನ್ನ ಎಲ್ಲಾರೂ ತಿದ್ದಬಹುದು. ಪ್ರೂಫ್ ಪಾಸ್ ಆದದ್ದನ್ನ ಎಲ್ಲಾರೂ ನೋಡಬಹುದು, ಛಾಪಿಸಬಹುದು, ಅಳಸಾಕ ಬರೂದಿಲ್ಲ. ದಿನಾ ಸಂಜಿ ಎರಡರದೂ ಒಂದು ನಕಲು ಸೀಡಿಗೆ.

"ನನಗೂ ಬರೂದಿಲ್ಲ?" ಅಂದ ದಸ್ತಗೀರ.

"ನಿಮಗೂ ಬರೂದಿಲ್ಲ. ಅಳಸಬೇಕಂದ್ರ ಈ ಕಂಪ್ಯೂಟರಿಗೆ ಬಂದು, ಅಮ್ಮನ ಬಾಜೂಕ ಕುಂತು ಅಳಸ್ರಿ."

ಒಂದು ವಾರ ಬಿಟ್ಟು ಬಂದು ಕುಂತ. "ಏನ ಅಳಸ್ತಿ?" ಅಂದೆ. "ಹಳೇದು, ಬ್ಯಾಡಾದದ್ದು." "ಯಾರಿಗೆ ಬ್ಯಾಡಾಗೇತಿ?" ಅಂದೆ. ಮೌಸ್ ಬಿಟ್ಟು ಎದ್ದು ಹೋದ.

ಮನಿ ನಡಿಸಿದಾಕಿ ನಾನು. ಎಲ್ಲಾ ಎಲ್ಲಾರದು ಅಂದ್ರ ಮನಿ ಒಂದಾಗಿ ಉಳೀತದ ಅಂತ ತಿಳದಿದ್ದೆ. ಸುಳ್ಳು. ಕೂಡಿ ಇಟ್ಟದ್ದನ್ನ ತಗೊಳ್ಳಾಕ ಎಲ್ಲಾರಿಗೂ ಬರಬೇಕು. ಇಲ್ಲದಂಗ ಮಾಡಾಕ ಮಾತ್ರ, ಒಬ್ಬರ ಮಾರಿ ನೋಡಿ ಮಾಡೋ ಹಂಗ ಇರಬೇಕು. ಇದನ್ನ ನನಗ ಸೊಸಿ ಕಲಿಸಿದ್ಲು. ಅವತ್ತ ಹೇಳಲಿಲ್ಲ, ಈಗ ಹೇಳೀನಿ.