ಬೆನ್ನು ಕಾಣುವ ಹುಡುಗಿಗೊಂದು ಸೀರೆ

ಫೋನಿನೊಳಗೆ ಓಡಾಡುವ ಹುಡುಗಿಯ ಮುಖವನ್ನು ನಾನು ನೋಡಿರುವುದು ಕಡಿಮೆ. ಮೊಮ್ಮಗಳು ಸಿಂಚನಾ ಸೋಫಾದ ಮೇಲೆ ಕಾಲು ಮಡಚಿಕೊಂಡು ಆಟವಾಡುವಾಗ, ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತ ನನಗೆ ಕಾಣುವುದು ಆ ಹುಡುಗಿಯ ಬೆನ್ನು ಮಾತ್ರ. ನಡೆದರೂ ಬೆನ್ನು, ಓಡಿದರೂ ಬೆನ್ನು, ಗೋಡೆ ಹಾರಿದರೂ ಬೆನ್ನು. ಆಡುವವರಿಗೆ ಅವರವರ ಬೊಂಬೆ ಹಿಂದಿನಿಂದಲೇ ಕಾಣುವುದಂತೆ. ಮುಖವೇನಿದ್ದರೂ ಎದುರಿಗೆ ಬರುವವರ ಪಾಲು. ಬಟ್ಟೆ ಕೊಡಿಸಿದವರಿಗೆ ಬೆನ್ನು, ಬಿಟ್ಟಿಯಾಗಿ ನೋಡುವವರಿಗೆ ಮುಖ! ಇದೆಂಥ ವ್ಯಾಪಾರವಪ್ಪಾ ಎಂದು ನನಗೆ ನಗು ಬಂತು. ಆಮೇಲೆ ನನ್ನ ಸೆರಗನ್ನು ಸರಿಪಡಿಸಿಕೊಳ್ಳುವಾಗ ನಗು ಅರ್ಧಕ್ಕೇ ನಿಂತಿತು. ಸೀರೆಯಲ್ಲಿ ಹೆಚ್ಚು ಕೆಲಸ, ಹೆಚ್ಚು ಜರಿ, ಹೆಚ್ಚು ಬೆಲೆ ಎಲ್ಲವೂ ಸೆರಗಿನಲ್ಲೇ ಇರುತ್ತದೆ, ಆ ಸೆರಗು ಬೀಳುವುದು ಉಟ್ಟವಳ ಬೆನ್ನ ಮೇಲೆ. ಮದುವೆ ಮನೆಯಲ್ಲಿ ಅದನ್ನು ಕಣ್ತುಂಬ ನೋಡುವವಳು ಹಿಂದಿನ ಸಾಲಿನಲ್ಲಿ ಕೂತ ಇನ್ಯಾರೋ.

ಮಕ್ಕಳೇ, ನಾನು ತೂಬಗೆರೆಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ದೊಡ್ಡಬಳ್ಳಾಪುರದ ನೇಕಾರರ ಮನೆಗೆ ಸೊಸೆಯಾಗಿ ಬಂದವಳು. ನಾಲ್ಕು ಜನರ ನಡುವೆ ಯಾರಾದರೂ ಹೆಸರು ಹಿಡಿದು ಕರೆದರೆ ಕಂಬದ ಹಿಂದೆ ಸರಿಯುವ ಸ್ವಭಾವ ಇನ್ನೂ ಹೋಗಿಲ್ಲ. ಬಾಯಿಬಿಟ್ಟು ಹೇಳಲಾರದ್ದನ್ನು ಬರೆದಿಟ್ಟರೆ, ನೀವು ಮೊಮ್ಮಕ್ಕಳು ಫೋನಿನ ಚಾರ್ಜು ಮುಗಿದ ಹೊತ್ತಿನಲ್ಲಾದರೂ ಓದಿಯೀರಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಸಿಂಚನಾಳ ಆಟದಲ್ಲಿ ಒಂದು ಬಟ್ಟೆ ಅಂಗಡಿಯಿದೆ. ಬೆಂಕಿ ಉಗುಳುವ ಬೂಟು, ಬೆನ್ನಿಗೆ ರೆಕ್ಕೆ, ತಲೆಗೆ ಬೆಕ್ಕಿನ ಕಿವಿ, ಎಲ್ಲವೂ ಅಲ್ಲಿ ದೊರೆಯುತ್ತವೆ. ಒಂದೊಂದು ಉಡುಪಿನ ಕೆಳಗೂ ‘ಇನ್ನು ಎರಡೇ ದಿನ’ ಎಂದು ಗಡಿಯಾರ ಓಡುತ್ತಿರುತ್ತದೆ. ನೂಲು ಬೇಡ, ಬಣ್ಣ ಬೇಡ, ಕರೆಂಟು ಹೋದರೆ ಮಗ್ಗ ನಿಂತೀತೆಂಬ ಭಯವಿಲ್ಲ; ಬೇಕಾದಷ್ಟನ್ನು ಕೂತಲ್ಲೇ ಹುಟ್ಟಿಸಬಹುದಾದ ಬಟ್ಟೆಗೆ ಈ ಅಭಾವ ಎಲ್ಲಿಂದ ಬಂತು ಎಂದು ಕೇಳಿದೆ.

“ಅದು ಲಿಮಿಟೆಡ್ ಎಡಿಷನ್ ಅಜ್ಜಿ. ಎಲ್ರಿಗೂ ಸಿಕ್ಬಿಟ್ರೆ ಯಾರಿಗೆ ಬೇಕು?” ಎಂದಳು.

ಆ ಅಂಗಡಿಯಲ್ಲಿ ಎಲ್ಲಕ್ಕಿಂತ ತುಟ್ಟಿಯಾದದ್ದು ಯಾವುದು ಗೊತ್ತೆ? ತೋಳು ಹರಿದು, ಅಂಚು ಸುಟ್ಟು, ಅಲ್ಲಲ್ಲಿ ತೂತು ಬಿದ್ದ ಒಂದು ಅಂಗಿ. ಯುದ್ಧದಲ್ಲಿ ಹಾಳಾದದ್ದಂತೆ. ಹಾಳಾದ ಬಟ್ಟೆಗೆ ಹೆಚ್ಚಿನ ಬೆಲೆ ಎಂಬುದನ್ನು ಕೇಳಿ, ಬದುಕಿಡೀ ಡ್ಯಾಮೇಜ್ ಸೀರೆ ಉಟ್ಟ ನಾನು ಕಾಳನ್ನು ಕಸದ ಬುಟ್ಟಿಗೆಸೆದು ಸಿಪ್ಪೆಯನ್ನು ಪಾತ್ರೆಗೆ ಹಾಕಿಕೊಂಡೆ. ನಾವು ಬಲ್ಲ ಬಟ್ಟೆಗೆ ಒಂದು ಆಯುಷ್ಯವಿರುತ್ತಿತ್ತು. ಸೀರೆ ಹಳತಾದರೆ ಹೆಣ್ಣುಮಕ್ಕಳಿಗೆ ಲಂಗ, ಲಂಗ ಹರಿದರೆ ತೊಟ್ಟಿಲಿನ ಹಾಸಿಗೆ, ಅದೂ ಸವೆದರೆ ಒಲೆಯ ಬಳಿ ಮಸಿಬಟ್ಟೆ. ಫೋನಿನ ಬಟ್ಟೆಗೆ ಮಸಿಬಟ್ಟೆಯಾಗುವ ಯೋಗವಿಲ್ಲ. ಬಣ್ಣ ಬಿಡುವುದಿಲ್ಲ, ತಂಗಿಗೆ ಹೋಗುವುದಿಲ್ಲ; ಆಟದವನು ಅಂಗಡಿ ಮುಚ್ಚಿದ ದಿನ ಎಲ್ಲರ ಬೀರುಗಳೂ ಒಟ್ಟಿಗೆ ಖಾಲಿ.

ನನ್ನ ಮಗ ಮಂಜುನಾಥ, ಅಂದರೆ ಸಿಂಚನಾಳ ಅಪ್ಪ, ನಾಲ್ಕು ವಿದ್ಯುತ್ ಮಗ್ಗಗಳ ಯಜಮಾನ. ಅವನಿಗಿದೆಲ್ಲ ಕೇಳಿದರೇ ಮೈ ಉರಿಯುತ್ತದೆ. “ಮುಟ್ಟೋಕಾಗಲ್ಲ, ಉಡೋಕಾಗಲ್ಲ, ಒಗೆಯೋಕಾಗಲ್ಲ. ಅದಕ್ಕೆ ದುಡ್ಡಾ? ಅಪ್ಪ ಬಟ್ಟೆ ನೇಯ್ತಾನೆ, ಮಗಳು ಬಟ್ಟೆ ಫೋಟೋ ಕೊಂಡ್ಕೋತಾಳೆ! ಊರವರು ಕೇಳಿದ್ರೆ ನಗ್ತಾರೆ ಕಣಮ್ಮ” ಎಂದು ನನ್ನ ಹತ್ತಿರ ದೂರು ಹೇಳಿದ. ಇದೇ ಮಂಜುನಾಥ ಹೋದ ವರ್ಷ ಕಾರು ಕೊಂಡಾಗ ಫ್ಯಾನ್ಸಿ ನಂಬರು ಹಾಕಿಸಿ, ಚಕ್ರಗಳಿಗೆ ಹೊಳೆಯುವ ಮುಚ್ಚಳ ತೊಡಿಸಿ, ಹಿಂದಿನ ಗಾಜಿನ ಮೇಲೆ ಬಾಯಿ ತೆರೆದ ಸಿಂಹವೊಂದನ್ನು ಅಂಟಿಸಿಕೊಂಡು ಬಂದಿದ್ದ. ಒಳಗೆ ಕೂತವನಿಗೆ ಇವುಗಳಲ್ಲಿ ಒಂದೂ ಕಾಣುವುದಿಲ್ಲ. ಸಿಂಹದ ದರ್ಶನವೇನಿದ್ದರೂ ಹಿಂದೆ ಬರುವ ಬಸ್ಸಿನ ಡ್ರೈವರಿಗೆ.

ಘಾಟಿಯ ದನದ ಪರಿಷೆಯಲ್ಲಿ ಎತ್ತುಗಳ ಕೊಂಬಿಗೆ ಹಿತ್ತಾಳೆಯ ಕಳಸ ತೊಡಿಸಿ, ಬೆನ್ನಿಗೆ ರೇಷ್ಮೆಯ ಬಟ್ಟೆ ಹೊದಿಸಿ, ಮುಂದೆ ವಾಲಗ ಊದಿಸುವವರನ್ನು ನೀವೂ ನೋಡಿದ್ದೀರಿ. ಎತ್ತು ತನ್ನ ಕೊಂಬನ್ನು ಯಾವ ಕನ್ನಡಿಯಲ್ಲಿ ನೋಡಿಕೊಂಡೀತು? ಇನ್ನು ನನ್ನ ವಿಷಯ. ವರಮಹಾಲಕ್ಷ್ಮಿಯ ದಿನ ತೆಂಗಿನಕಾಯಿಗೆ ಬೆಳ್ಳಿಯ ಮುಖ ಕಟ್ಟಿ, ಅಂಗಡಿಯಿಂದ ತಂದ ಜಡೆ ಇಳಿಬಿಟ್ಟು, ಕಲಶಕ್ಕೆ ನೆರಿಗೆ ಹಿಡಿದು ಸೀರೆ ಉಡಿಸಿ, ಮೂರು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿ, ಮತ್ತೆ ಹೋಗಿ ಮೂಗುತಿ ಬದಲಾಯಿಸುವವಳು ನಾನೇ. “ಅಜ್ಜಿ, ನೀನೂ ಕ್ಯಾರೆಕ್ಟರ್ ಕಸ್ಟಮೈಸ್ ಮಾಡ್ತೀಯ” ಎಂದಳು ಸಿಂಚನಾ. ದೇವರನ್ನು ಆಟಕ್ಕೆ ಹೋಲಿಸಬೇಡವೆಂದು ಗದರಿದೆ. ಭಕ್ತಿಯಿಂದ ಗದರಿದೆನೆಂದು ಅವಳು ತಿಳಿದಿದ್ದಾಳೆ. ಉತ್ತರ ಹೊಳೆಯದೆ ಗದರಿದ್ದು.

ಹೀಗೆ ನಗುತ್ತಲೇ ಇದ್ದೆ, ಒಂದು ಗುರುವಾರ ಅವಳು ಶಾಲೆಯಿಂದ ಬಂದು ದಿಂಬಿನಲ್ಲಿ ಮುಖ ಹುದುಗಿಸಿಕೊಳ್ಳುವವರೆಗೆ.

ವಿಷಯವಿಷ್ಟು. ಆ ಭಾನುವಾರ ಆಟದೊಳಗೆ ಉಡುಪಿನ ಸ್ಪರ್ಧೆ. ಸಿಂಚನಾ ಮತ್ತು ಅವಳ ತರಗತಿಯ ಮೂವರು ಹುಡುಗಿಯರದು ಒಂದು ತಂಡ. ಬೊಂಬೆಗಳು ಮದುವೆಗೆ ಹೊರಟಂತೆ ಸಿಂಗರಿಸಿಕೊಂಡು ಬರಬೇಕು. ಉಳಿದ ಮೂವರೂ ದುಡ್ಡು ಕೊಟ್ಟು ಉಡುಪು ಕೊಂಡಿದ್ದರು. ಇವಳ ಬೊಂಬೆಗೆ ಇದ್ದದ್ದು ಆಟ ಶುರುವಾದಾಗ ಬಿಟ್ಟಿ ಕೊಟ್ಟ ಒಂದು ಬೂದು ಬಣ್ಣದ ಅಂಗಿ. ತಂಡದ ಮುಂದಾಳು ಪ್ರೇಕ್ಷಾ ಕಳಿಸಿದ ಮಾತನ್ನು ಸಿಂಚನಾ ನನಗೆ ಕೇಳಿಸಿದಳು: “ನೋಡು ಸಿಂಚು, ಫ್ರೀ ಡ್ರೆಸ್ಸಲ್ಲೇ ಬರೋದಾದ್ರೆ ಬರ್ಲೇಬೇಡ ಕಣೇ. ನಮ್ಗೂ ವೋಟ್ ಬೀಳಲ್ಲ. ಬೇರೆ ಯಾರನ್ನಾದ್ರೂ ಸೇರಿಸ್ಕೋತೀವಿ.”

ಅಷ್ಟೇ ಆಗಿದ್ದರೆ ಆಟದ ಮಾತೆಂದು ಬಿಡಬಹುದಿತ್ತು. ಈ ನಾಲ್ವರೂ ಶಾಲೆಯಲ್ಲಿ ಊಟದ ಡಬ್ಬಿಗಳನ್ನು ನಡುವೆ ಇಟ್ಟುಕೊಂಡು ಒಟ್ಟಿಗೆ ತಿನ್ನುವವರು. ಎರಡು ದಿನಗಳಿಂದ ಸಿಂಚನಾ ಬೇರೆ ಬೆಂಚಿನಲ್ಲಿ ಒಬ್ಬಳೇ ತಿನ್ನುತ್ತಿದ್ದಳು. ಡಬ್ಬಿಯಲ್ಲಿ ಅರ್ಧ ಚಪಾತಿ ಹಾಗೇ ವಾಪಸು ಬಂದದ್ದರ ಕಾರಣ ನನಗೆ ಆಗ ಗೊತ್ತಾಯಿತು. ಮುಟ್ಟಲಾಗದ, ಉಡಲಾಗದ ಬಟ್ಟೆ ಮಗುವಿನ ಊಟಕ್ಕೇ ಬಂದು ಕೂತಿತ್ತು. ಅಪ್ಪ ಕೊಡಿಸುವುದಿಲ್ಲವೆಂದು ಖಂಡಿತವಾಗಿ ಹೇಳಿಯಾಗಿತ್ತು.

“ಅಜ್ಜಿ, ಆಟದಲ್ಲಿ ನಮ್ದೇ ಫೋಟೋನ ಬಟ್ಟೆ ಥರ ಹಾಕ್ಬೋದು. ಅದು ಫ್ರೀ. ನಿನ್ನ ಟ್ರಂಕಲ್ಲಿರೋ ಸೀರೆ ಫೋಟೋ ತಗೊಳ್ಲಾ?” ಎಂದಳು.

ಆ ಟ್ರಂಕಿನಲ್ಲಿ ಇರುವುದು ಏಳು ಸೀರೆಗಳು. ನಿಮ್ಮ ತಾತ ರಾಮಣ್ಣನವರು ಹೋದ ಮೇಲೆ ಅವನ್ನು ನಾನು ಉಟ್ಟಿಲ್ಲ. ಏಳೂ ಅವರ ಕೈಯಲ್ಲೇ ನೇಯ್ದವು, ಏಳೂ ಡ್ಯಾಮೇಜು. ಆಗ ನಮ್ಮದು ಕೂಲಿ ನೇಯ್ಗೆ. ನೂಲು ಸಾಹುಕಾರರದು, ಮಗ್ಗ ನಮ್ಮದು. ನೇಯ್ದ ಸೀರೆಯೆಲ್ಲ ಸಾಹುಕಾರರಿಗೆ ಹೋಗಬೇಕು. ಅವರು ಬೆಳಕಿಗೆ ಹಿಡಿದು ನೋಡಿ, ಎಲ್ಲಾದರೂ ಎಳೆ ತಪ್ಪಿದ್ದರೆ ಆ ಸೀರೆಯನ್ನು ನಮ್ಮ ಕಡೆಗೇ ಎಸೆದು, ಅರ್ಧ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಒಳ್ಳೆಯದು ಊರಿಗೆ, ಡ್ಯಾಮೇಜು ಮನೆಗೆ. ಅಡ್ಡ ಎಳೆ ಒಯ್ಯುವ ಲಾಳಿಯಲ್ಲಿ ದಾರ ಮುಗಿದದ್ದನ್ನು ಗಮನಿಸದೆ ಮಗ್ಗ ಓಡಲು ಬಿಟ್ಟರೆ ಬಟ್ಟೆಯ ಅಗಲಕ್ಕೂ ಒಂದು ಗೆರೆ ಬೀಳುತ್ತದೆ. ಕೈ ಕುದುರಿದ ನೇಕಾರನಿಗೆ ಅದು ಅವಮಾನ. ನಿಮ್ಮ ತಾತನಿಗೆ ವರ್ಷ, ಎರಡು ವರ್ಷಕ್ಕೊಮ್ಮೆ, ಸರಿಯಾಗಿ ಗೌರಿ ಹಬ್ಬದ ಮುಂದೆಯೇ ಈ ಅವಮಾನ ಆಗುತ್ತಿತ್ತು. “ಏನ್ ರಾಮಣ್ಣ, ಹಬ್ಬ ಬಂತು ಅಂದ್ರೆ ಮಗ್ಗದ ಮುಂದೆ ನಿದ್ದೆ ಬರುತ್ತಾ ನಿಂಗೆ?” ಎಂದು ಸಾಹುಕಾರರು ಎಲ್ಲರೆದುರು ಕೇಳುವಾಗ ನಾನು ಬಾಗಿಲ ಹೊರಗೆ ನಿಂತು ನೆಲ ನೋಡುತ್ತಿದ್ದೆ. ಮನೆಗೆ ಬಂದು ನಾನೂ ಬಿಡುತ್ತಿರಲಿಲ್ಲ. “ಹಬ್ಬದ ಖರ್ಚಿರೋವಾಗ್ಲೇ ನಿಮ್ಗೆ ಕಣ್ಣು ಕಾಣಲ್ವಲ್ರೀ!” ಅವರದು ಒಂದೇ ಉತ್ತರ: “ದಾರ ಮುಗೀತು, ನೋಡ್ಲಿಲ್ಲ.”

ನನಗೆ ಇನ್ನೊಂದು ಗುಟ್ಟಿನ ಭಯವೂ ಇತ್ತು. ಮಗ್ಗದ ಮೇಲಿರುವಾಗ ಯಾವ ಸೀರೆಯನ್ನು ನಾನು ಆಸೆಯಿಂದ ಮುಟ್ಟಿ ನೋಡುತ್ತಿದ್ದೆನೋ ಆ ಬಗೆಯ ಸೀರೆಯೇ ಡ್ಯಾಮೇಜಾಗುತ್ತಿತ್ತು. ನನ್ನ ಕಣ್ಣೇ ತಾಗುತ್ತಿದೆಯೆಂದು ನಂಬಿ, ಕೊನೆಕೊನೆಗೆ ಮಗ್ಗದತ್ತ ನೋಡುವುದನ್ನೇ ಬಿಟ್ಟೆ. ಹೌದು, ಉಡುವಾಗ ಮಾತ್ರ ನನಗೊಂದು ಹೆಮ್ಮೆಯಿತ್ತು. ಗೆರೆಯನ್ನು ಎರಡನೆಯ ನೆರಿಗೆಯ ಮಡಿಕೆಯೊಳಗೆ ಹಾಕಿಬಿಡುತ್ತಿದ್ದೆ. ಡ್ಯಾಮೇಜು ಸೀರೆಯೆಂದು ಒಬ್ಬರಿಗಾದರೂ ಗೊತ್ತಾಗಿದ್ದರೆ ಕೇಳಿ. ನೆರಿಗೆ ಹಿಡಿಯುವ ಕೈಚಳಕ ನನ್ನಷ್ಟು ಇನ್ನೊಬ್ಬರಿಗಿಲ್ಲವೆಂದು ಬೀಗಿದ್ದವಳು ನಾನು.

ಸಿಂಚನಾ ಏಳು ಸೀರೆಗಳನ್ನೂ ಹಾಲಿಗೆ ತಂದಳು. ಸೆರಗು ನೆಲಕ್ಕೆ ತಾಗಬಾರದೆಂದು ನಾನು ಹೇಳಿದ್ದರಿಂದ ಸೆರಗಿನ ಭಾಗವನ್ನು ಸೋಫಾದ ಮೇಲೆ ಮಡಿಸಿಟ್ಟು, ಒಳತುದಿಯನ್ನು ಗೋಡೆಗೆ ತಾಗಿಸಿ, ಒಂದರ ಪಕ್ಕ ಒಂದನ್ನು ಹಾಸಿದಳು. ಸ್ಟೂಲು ಹತ್ತಿ ಫೋಟೋ ತೆಗೆಯಲು ಹೊರಟವಳು ಹಾಗೇ ನಿಂತಳು.

“ಅಜ್ಜಿ, ಎಲ್ಲಾ ಸೀರೇಲೂ ಒಂದೇ ಜಾಗದಲ್ಲಿ ಬಗ್ ಇದೆ!”

“ಏನಿದೆ?”

“ತಪ್ಪು ಅಜ್ಜಿ, ತಪ್ಪು. ಇಲ್ನೋಡು, ಎರಡು ಟೈಲ್ಸ್ ಮುಗಿದು ಮೂರನೇದು ಶುರುವಾಗೋ ಕಡೆ. ಎಲ್ಲದರಲ್ಲೂ!”

ನೋಡಿದೆ. ನವಿಲು ಬಣ್ಣದ್ದು, ಕುಂಕುಮದ್ದು, ಗಿಳಿಹಸಿರಿನದು, ಎಲ್ಲದರ ಗೆರೆಯೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಂತಿತ್ತು. “ಲಾಳೀಲಿ ದಾರ ಮುಗಿದ್ರೆ ಹಂಗಾಗುತ್ತೆ ಕಣಮ್ಮ” ಎಂದೆ, ಅಭ್ಯಾಸಬಲದಿಂದ.

“ಒಂದ್ಸಲ ಆದ್ರೆ ಬಗ್. ಏಳು ಸಲಾನೂ ಅಲ್ಲೇ ಆದ್ರೆ ಯಾರೋ ಬೇಕೂಂತ ಹಾಕಿರೋದು ಅಜ್ಜಿ.”

ನಾನು ನವಿಲು ಬಣ್ಣದ ಸೀರೆಯ ಒಳತುದಿಯನ್ನು ಉಟ್ಟ ಸೀರೆಯ ಮೇಲೆಯೇ ಸೊಂಟಕ್ಕೆ ಹಿಡಿದು, ಒಂದು ಸುತ್ತು ತಂದು, ನೆರಿಗೆ ಹಿಡಿದೆ. ಗೆರೆ ತಾನಾಗಿಯೇ ಎರಡನೆಯ ನೆರಿಗೆಯ ಮಡಿಕೆಯೊಳಗೆ ಹೋಗಿ ಕೂತಿತು. ನನ್ನ ಕೈ ಯಾವ ಚಳಕವನ್ನೂ ಮಾಡಲಿಲ್ಲ. ಅದನ್ನು ಮತ್ತೆ ಅದರ ಜಾಗದಲ್ಲೇ ಹಾಸಿ, ಇನ್ನೊಮ್ಮೆ ಬಗ್ಗಿ ನೋಡಿದೆ. ಮೂರು ಸೀರೆಗಳಲ್ಲಿ ಗೆರೆ ಟೈಲ್ಸಿನ ಸಂದಿಯ ಮೇಲಿತ್ತು. ಉಳಿದ ನಾಲ್ಕರಲ್ಲಿ ನಾಲ್ಕು ಬೆರಳು ಆಚೆಗೆ ಸರಿದಿತ್ತು. ಆ ನಾಲ್ಕೂ ಮಂಜುನಾಥ ಹುಟ್ಟಿದ ಮೇಲಿನವು. ಮಗು ಹುಟ್ಟಿದ ಮೇಲೆ ನನ್ನ ಸೊಂಟ ಎಷ್ಟು ದಪ್ಪವಾಯಿತೆಂಬ ಲೆಕ್ಕ ಮಗ್ಗದ ಮುಂದೆ ಕೂತವರಿಗೆ ಹೇಗೆ ಸಿಕ್ಕಿತೋ, ಅದನ್ನು ನಾನು ನಿಮಗೆ ಬರೆಯುವವಳಲ್ಲ.

“ಅಜ್ಜಿ, ಅಳ್ತಿದ್ದೀಯಾ?”

“ಸುಮ್ನಿರೇ, ನುಸಿಗುಳಿಗೆ ವಾಸ್ನೆ.”

ಸೀರೆ ಬೇಕೆಂದು ನಾನು ಒಮ್ಮೆಯೂ ಬಾಯಿಬಿಟ್ಟು ಕೇಳಿದವಳಲ್ಲ. ಕೊಡಿಸುತ್ತೇನೆಂದು ಅವರೂ ಹೇಳಿದವರಲ್ಲ. ಊರಿನ ಮುಂದೆ ಕೈಕೆಟ್ಟ ನೇಕಾರ ಎನಿಸಿಕೊಂಡರು, ಮನೆಯಲ್ಲಿ ನನ್ನಿಂದಲೂ ಅನ್ನಿಸಿಕೊಂಡರು. ಬೇಕೆಂದೇ ಎಳೆ ತಪ್ಪಿಸಿ ಸೀರೆಯನ್ನು ಮನೆಗೆ ತಂದದ್ದು ಸಾಹುಕಾರರಿಗೆ ಮಾಡಿದ ಮೋಸವೇ. ಅದನ್ನು ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಅಷ್ಟು ಅಳತೆ ಹಿಡಿದು ಮಾಡಿದ ಮೋಸವನ್ನು ಬಯ್ಯಲು ನನಗೆ ಇನ್ನೂ ಬಾಯಿ ಬಂದಿಲ್ಲ.

ಸಿಂಚನಾ ನವಿಲು ಬಣ್ಣದ ಸೀರೆಯ ಫೋಟೋ ತೆಗೆದು ಬೊಂಬೆಗೆ ತೊಡಿಸಿದಳು. ಗೆರೆ ಬೀಳದ ಕಡೆ ತೆಗೆಯೇ ಎಂದೆ, ಕೇಳಲಿಲ್ಲ. ಬೊಂಬೆಯ ನೆರಿಗೆ ಬರೀ ಚಿತ್ರದ ಗೀಟು, ಒಳಗೆ ಮಡಿಕೆಯೇ ಇಲ್ಲ. ಹಾಗಾಗಿ ಗೆರೆ ಮುಚ್ಚಿಕೊಳ್ಳಲು ಜಾಗವಿಲ್ಲದೆ ಮೊಣಕಾಲಿನ ಹತ್ತಿರ ಎದ್ದು ಕಾಣುತ್ತಿತ್ತು. ಭಾನುವಾರ ಬೆಳಿಗ್ಗೆ ಸ್ಪರ್ಧೆಗೆ ಮುಂಚೆ ಫೋನಿನಿಂದ ಪ್ರೇಕ್ಷಾಳ ದನಿ ಬಂತು. ನಾನು ಅವರೆಕಾಯಿ ಬಿಟ್ಟು ಸಿಂಚನಾಳ ಪಕ್ಕಕ್ಕೆ ಸರಿದೆ.

“ಸಿಂಚು, ಸೀರೆ ಸಕ್ಕತ್ತಾಗಿದೆ ಕಣೇ! ಎಷ್ಟು ಕೊಟ್ಟೆ? ಅದೇನು ಮಧ್ಯೆ ಗೆರೆ, ಗ್ಲಿಚ್ಚಾ?”

“ಗ್ಲಿಚ್ ಅಲ್ಲ. ಲಿಮಿಟೆಡ್ ಎಡಿಷನ್. ಏಳೇ ಏಳು ಇರೋದು.”

“ಅಯ್ಯೋ, ಎಲ್ಲಿ ಸಿಗುತ್ತೆ? ನಂಗೂ ಹೇಳೇ!”

“ಸಿಗಲ್ಲ ಕಣೇ. ಮಾಡ್ತಿದ್ದೋರು ಈಗಿಲ್ಲ.”

ಮೊದಲ ಬಹುಮಾನ ರೆಕ್ಕೆ ಕಟ್ಟಿಕೊಂಡ ಮದುಮಗಳೊಬ್ಬಳಿಗೆ ಹೋಯಿತು. ಮದುಮಗನಿಗೂ ರೆಕ್ಕೆಯಿತ್ತೇ, ಇಲ್ಲದಿದ್ದರೆ ತಾಳಿ ಕಟ್ಟಿದ್ದು ಹೇಗೆ ಎಂದು ಕೇಳಿದೆ. ನಮ್ಮ ಹುಡುಗಿಯರು ಮೂರನೆಯವರಾದರು. ಸೋಮವಾರ ಡಬ್ಬಿ ತೊಳೆಯುವಾಗ ಅದರ ಮೂಲೆಯಲ್ಲಿ ನಾನು ಮಾಡಿ ಕಳಿಸದ ಪುಳಿಯೋಗರೆಯ ಎರಡು ಅಗುಳು ಅಂಟಿದ್ದವು. ನನಗೆ ಬೇಕಾಗಿದ್ದ ಬಹುಮಾನ ಅದೇ.

ಆ ಸಂಜೆ ಸಿಂಚನಾ ಹಟ ಹಿಡಿದು ನನಗೆ ಆ ನವಿಲು ಬಣ್ಣದ ಸೀರೆಯನ್ನೇ ಉಡಿಸಿದಳು. “ತಿರುಗು ಅಜ್ಜಿ, ಆ ಕಡೆ ತಿರುಗು. ಹಿಂದಿನಿಂದ ತೆಗೀತೀನಿ” ಎಂದಳು. ಮುಖ ತೋರಿಸಬೇಕಾಗಿಲ್ಲವೆಂದು ನಾನೂ ಸಂಕೋಚವಿಲ್ಲದೆ ನಿಂತೆ. ಆಮೇಲೆ ಫೋನನ್ನು ನನ್ನ ಕೈಗಿಟ್ಟಳು. ಅಷ್ಟು ವರ್ಷ ಉಟ್ಟೂ ಒಮ್ಮೆಯೂ ನೋಡದ ನನ್ನ ಸೆರಗು, ನನ್ನ ಬೆನ್ನ ಮೇಲೆ ಅಷ್ಟುದ್ದ ಇಳಿದಿತ್ತು.

ನಿಮ್ಮ ತಾತ ನೇಯುವಾಗ ಮಗ್ಗದ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಕಾಫಿಯ ಲೋಟವನ್ನು ಅವರ ಪಕ್ಕದಲ್ಲಿಟ್ಟು ನಾನು ಹಿಂತಿರುಗಿ ಬಂದುಬಿಡುತ್ತಿದ್ದೆ. ನನಗೆ ಯಾವಾಗಲೂ ಕಂಡದ್ದು ಮಗ್ಗದ ಕಡೆಗೆ ಬಾಗಿದ ಅವರ ಬೆನ್ನು ಮಾತ್ರ. ನಾನು ಬಾಗಿಲು ದಾಟುವಷ್ಟು ಹೊತ್ತು ಅವರು ತಲೆಯೆತ್ತಿ ನೋಡುತ್ತಿದ್ದಿರಬೇಕು. ಅವರಿಗೆ ಕಾಣುತ್ತಿದ್ದದ್ದು, ಫೋನಿನಲ್ಲಿ ಈಗ ನಾನು ನೋಡುತ್ತಿರುವ ಇದೇ ಬೆನ್ನು.