‘ನಿಮ್ಮ ಮಗಳು ಬಂದಿಲ್ಲ’ ಎಂಬ ಫೋನು

ನಮ್ಮ ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗು ಇಳಿದಿದ್ದ ವಾರ. ನಮ್ಮ ಮನೆಯವರು ಮಧ್ಯಾಹ್ನ ಉಣ್ಣಲು ಕೂತಿದ್ದರು. ನಾನು ರೊಟ್ಟಿ ನೀಡುತ್ತಿದ್ದಾಗ ಅವರಿಗೆ ಫೋನು ಬಂತು. ಎಡಗೈಯಲ್ಲಿ ಎತ್ತಿಕೊಂಡು, “ಹೌದ್ರಿ, ನಾನ ಆಕಿ ಅಪ್ಪ” ಎಂದರು. ಆಮೇಲೆ ಬರೀ ಕೇಳಿಸಿಕೊಂಡರು. ಫೋನು ಕೆಳಗಿಟ್ಟು, ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದರು.

“ಯಾರ್ರಿ ಅದು?”

“ಕಾಲೇಜಿನ ಅಕ್ಕೋರು. ನಿನ್ನ ಮಗಳು ಈ ವಾರ ಮೊದಲನೇ ಕ್ಲಾಸಿಗೆ ಬಂದ ಇಲ್ಲಂತ. ನಸುಕಿನಾಗ ಎದ್ದು ಜಡಿ ಹಾಕ್ಕೊಂಡು ಹೋಗತಾಳಲ್ಲ, ಎಲ್ಲಿಗೆ ಹೋಗತಾಳ ಕೇಳು.”

ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಾಗ ಆಕೆ ಅವರ ಬಾಯಲ್ಲಿ ‘ನನ್ನ ಮಗಳು’ ಆಗಿದ್ದಳು. ಈಗ ನನ್ನ ಪಾಲಿಗೆ ಬಂದಳು.

ಆ ಫೋನು ಮಾಡಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಕ್ಕಳು ಡಿಗ್ರಿ ನಡುವೆಯೇ ಬಿಟ್ಟು ಹೋಗುತ್ತಾರೆಂದು ಜಮಖಂಡಿಯ ಆ ಕಾಲೇಜಿನಲ್ಲಿ ಒಬ್ಬೊಬ್ಬ ಅಧ್ಯಾಪಕರಿಗೆ ಕೆಲವು ಮಕ್ಕಳನ್ನು ಒಪ್ಪಿಸಿದ್ದರು. ಅವರಿಗೆ ಮೆಂಟರ್ ಅನ್ನುತ್ತಾರೆ. ಮಕ್ಕಳು ಕ್ಲಾಸಿಗೆ ಕಾಣದಿದ್ದರೆ ಮನೆಗೆ ಫೋನು ಮಾಡುವುದು ಅವರ ಕೆಲಸ. ಆದರೆ ನಮ್ಮಂಥ ಮನೆಯಲ್ಲಿ ಆ ಮಾತು ಬೇರೆಯೇ ಆಗಿ ಕೇಳುತ್ತದೆ. ಹುಡುಗಿ ಮನೆ ಬಿಟ್ಟಿದ್ದಾಳೆ, ಕಾಲೇಜು ಮುಟ್ಟಿಲ್ಲ. ಹಾಗಾದರೆ ನಡುವೆ ಎಲ್ಲಿದ್ದಾಳೆ?

ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಅವರು ಅಂದುಬಿಟ್ಟರು, “ನಾಳಿಂದ ಕಾಲೇಜ ಬಂದ್.”

“ಬಸ್ಸ ಲೇಟ್ ಆಗತೈತಿ ಅಪ್ಪಾ.”

“ದಿನಾ ಲೇಟ್ ಆಗೂ ಬಸ್ಸ ಯಾವುದದು?”

“ಬೇಕಾದ್ರ ಬಂದು ನೋಡು.”

“ಗ್ಯಾಂಗ್ ಬಿಟ್ಟು ನಿನ್ನ ಬಸ್ಸ ನೋಡಾಕ ಬರ್ಲೇನು?”

“ನಾ ಹೋಗತೀನ್ರಿ” ಎಂದೆ. ಇಬ್ಬರೂ ನನ್ನ ಕಡೆ ತಿರುಗಿದರು. “ನಾಳೆ ಒಂದ ದಿನ ಬಿಡ್ರಿ. ನಾ ಕಣ್ಣಾರೆ ನೋಡಿ ಬರತೀನಿ. ಆಮ್ಯಾಲ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ.”

ಅವರು ಹೂಂ ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ಆ ಒಂದು ದಿನ ಸಿಕ್ಕಿದ್ದು ಶಿವನ ದಯೆಯೆಂದು ಎಣಿಸಿಕೊಂಡು ಮಲಗಿದೆ.

ಬೆಳಕು ಹರಿಯುವ ಮೊದಲೇ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡೆ. ಹಿಂದಿನ ಸಂಜೆ ನಮ್ಮ ಕಬ್ಬು ಹೇರಿದ್ದ ಟ್ರ್ಯಾಕ್ಟರಿನ ಡ್ರೈವರು ಅಂಗಳದಲ್ಲಿ ನಿಂತು ನನ್ನ ಕೈಯ ಚಹಾ ಕುಡಿದು, ಹಾಡು ಹಚ್ಚಿಕೊಂಡು ಕಾರ್ಖಾನೆಗೆ ಹೊರಟ. ನಾನು ಮಗಳ ಸಂಗಡ ಬಸ್‌ಸ್ಟ್ಯಾಂಡಿಗೆ ನಡೆದೆ.

ಬಸ್ಸಿನಲ್ಲಿ ಇಬ್ಬರೂ ಆಧಾರ್ ಕಾರ್ಡು ತೋರಿಸಿದೆವು. ಹೆಂಗಸರಿಗೆ ಟಿಕೀಟಿಗೆ ದುಡ್ಡಿಲ್ಲ, ಅದೂ ಒಂದು ದಯೆಯೇ. ಕಂಡಕ್ಟರ್ ನನ್ನ ವಿಭೂತಿ, ತಲೆ ಮೇಲಿನ ಸೆರಗು ನೋಡಿ ನಕ್ಕ.

“ಏನವ್ವಾ, ನೀನೂ ಕಾಲೇಜಿಗಿ ಹೊಂಟಿಯೇನು?”

“ಹೌದಪಾ. ಈಕಿ ಪಾಸಾಗೂತನಾ ನಂದೂ ಅಡ್ಮಿಷನ್ ಐತಿ.”

ಕಾರ್ಖಾನೆಯ ಕಡೆ ಹೊರಳುವ ತಿರುವು ಇನ್ನೂ ದೂರವಿರುವಾಗಲೇ ಬಸ್ಸು ನಿಂತಿತು. ಮುಂದೆ ಕಣ್ಣು ಹಾಯುವಷ್ಟು ದೂರ ಕಬ್ಬಿನ ಟ್ರೇಲರುಗಳು. ಬಸ್ಸು ಒಂದಿಷ್ಟು ಸರಿಯುವುದು, ಮತ್ತೆ ನಿಲ್ಲುವುದು.

“ನೋಡಬೇ ಅವ್ವಾ, ದಿನಾ ಇಲ್ಲೇ” ಎಂದಳು ಮಗಳು.

ಕಿಟಕಿಯಿಂದ ಕತ್ತು ಹೊರಹಾಕಿದೆ. ಎಲ್ಲಿಂದಲೋ ಅದೇ ಹಾಡು ಕೇಳುತ್ತಿತ್ತು. ನಮ್ಮ ಬಸ್ಸಿನ ಮೂತಿಯ ಮುಂದೆಯೇ, ನನ್ನ ಚಹಾ ಕುಡಿದು ಹೋದ ಡ್ರೈವರು ಸ್ಟೀರಿಂಗಿಗೆ ಆತುಕೊಂಡು ಕೂತಿದ್ದ.

“ಅಯ್ಯ ಶಿವನ, ಅದು ನಮ್ಮ ಕಬ್ಬ!”

ಬಸ್ಸೆಲ್ಲ ಗೊಳ್ಳೆಂದಿತು. “ಅಪ್ಪನ ಕಬ್ಬ ಮುಂದ, ಮಗಳು ಹಿಂದ” ಎಂದ ಕಂಡಕ್ಟರ್, “ಈಗ ಹಾರ್ನ್ ಹೊಡೀಬೇಕೋ ಬ್ಯಾಡೋ, ನೀನ ಹೇಳವ್ವಾ.” ಹಿಂದಿನ ಸಂಜೆಯಿಂದ ಮುಖ ಬಿಗಿದುಕೊಂಡಿದ್ದ ಮಗಳೂ ನಕ್ಕಳು.

ಕಾಲೇಜು ಮುಟ್ಟಿದಾಗ ಕ್ಲಾಸಿನ ಬಾಗಿಲು ಹಾಕಿತ್ತು. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ನಮ್ಮ ಬಸ್ಸಿನಲ್ಲಿ ಬಂದ ಹುಡುಗಿಯರೆಲ್ಲ ವರಾಂಡದಲ್ಲಿ ಚೀಲ ತಬ್ಬಿಕೊಂಡು ನಿಂತರು. ಹೀಗೇ ಹಾಜರಿ ಕಡಿಮೆ ಬಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ.

“ಇದನ್ನ ಮೊದಲ ಹೇಳಬಾರದೇನವಾ?”

“ಹೇಳಿದ್ರ ಅಪ್ಪ ಏನಂತಿದ್ದ? ಇಷ್ಟ ತ್ರಾಸಿದ್ರ ಬಿಟ್ಟಬಿಡು ಅಂತಿದ್ದ.”

ಖರೆಯೇ, ಹಾಗೇ ಅನ್ನುತ್ತಿದ್ದರು.

ಮೆಂಟರ್ ಅಕ್ಕೋರು ವಯಸ್ಸಿನಲ್ಲಿ ಸಣ್ಣವರು. ನನಗೆ ಕುರ್ಚಿ ಹಾಕಿಕೊಟ್ಟು ತಾವು ನಿಂತೇ ಮಾತಾಡಿದರು. ಹೇಳಬೇಕಾದ ಮಾತುಗಳನ್ನು ಬರುವಾಗ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ನಾನು ವಾಪಸು ಹೋಗುವುದರೊಳಗೆ ಈ ಕೆಲಸ ಆಗಲೇಬೇಕಿತ್ತು.

“ನೀವು ನಮ್ಮ ಹುಡುಗಿ ಕಾಳಜಿ ಮಾಡಿದ್ದು ದೊಡ್ಡ ಉಪಕಾರರಿ ಅಕ್ಕೋರ. ಆದ್ರ ಮನಿಗೆ ಫೋನ್ ಮಾಡಿ ‘ಬಂದಿಲ್ಲ’ ಅಂತ ಹೇಳಬ್ಯಾಡ್ರಿ. ಆ ಒಂದ ಮಾತಿಗೆ ಆಕಿ ಕಾಲೇಜ ಬಿಡಿಸಾಕ ನಿಂತಾರ. ಮೊದಲ ಹುಡುಗೀನ ಕೇಳ್ರಿ. ಆಮ್ಯಾಲ ಮನಿಗೆ ಫೋನ್ ಮಾಡಿ, ಬಸ್ಸ ಎಲ್ಲಿ ನಿಂತೈತಿ ಅಂತ ಕೇಳ್ರಿ.”

ಅವರು ಅಲ್ಲೇ ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟರು. “ಅವ್ವಾರ, ಬಿಡಬಾರದಂತನ ಫೋನ್ ಮಾಡಿದ್ದೆ. ಇದ ಬಸ್ಸಿನ ಬ್ಯಾರೆ ಹುಡುಗ್ಯಾರ ಮನಿಗೂ ಮಾಡೀನಿ. ಒಬ್ಬಾಕಿ ಅವತ್ತಿಂದ ಬಂದ ಇಲ್ಲ.”

“ಆ ಮನಿಗೆ ನೀವ ಹೋಗ್ರಿ. ಬೇಕಾದ್ರ ನಾನೂ ಬರತೀನಿ.”

ನನ್ನನ್ನು ಅಲ್ಲೇ ಕೂರಿಸಿ ಅವರು ಪ್ರಿನ್ಸಿಪಾಲರ ಹತ್ತಿರ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ಗೆಲುವಾಗಿತ್ತು. ಕಬ್ಬಿನ ಸೀಜನ್ನು ಮುಗಿಯುವತನಕ ಈ ಬಸ್ಸಿನ ಮಕ್ಕಳ ಮುಂಜಾನೆಯ ಪ್ರಾಕ್ಟಿಕಲ್ ಮಧ್ಯಾಹ್ನ ಮಾಡುತ್ತಾರೆ. ಪ್ರಾಕ್ಟಿಕಲ್ ಇಲ್ಲದ ದಿನ ತಡವಾದರೆ ಹಿಂದಿನ ಬೆಂಚಿನಲ್ಲಿ ಕೂತರೂ ಹಾಜರಿ ಕೊಡುತ್ತಾರೆ. ಬಸ್ಸು ಖರೆ ತಡವಾಗಿದೆಯೇ ಎಂದು ಮಾತ್ರ ಮೆಂಟರ್ ವಿಚಾರಿಸಿಕೊಳ್ಳಬೇಕು.

ಇಷ್ಟಾದರೂ ಮನೆಯಲ್ಲಿ ಒಪ್ಪಬೇಕಲ್ಲ. ರಾತ್ರಿ ಊಟಕ್ಕೆ ನೀಡುತ್ತಾ ಹೇಳಿದೆ, “ಆಕಿ ಎಲ್ಲಿಗೆ ಹೋಗತಾಳಂತ ಕೇಳಿದ್ರೆಲ್ಲ, ನೋಡಿ ಬಂದೆ. ನಿಮ್ಮ ಕಬ್ಬಿನ ಹಿಂದ ಹೋಗತಾಳ.” ಎಲ್ಲ ಬಿಡಿಸಿ ಹೇಳಿದೆ. ಅವರು ತಲೆ ತಗ್ಗಿಸಿಕೊಂಡು ಉಂಡರು. ಕೊನೆಗೆ, “ಡ್ರೈವರಿಗಿ ಒಂದಿಷ್ಟ ಬಾಜೂ ಸರಿ ಅನ್ನೂದಿಲ್ಲೇನು?” ಎಂದರು. ಕಾಲೇಜಿನ ಮಾತು ಎತ್ತಲಿಲ್ಲ. ಮರುದಿನ ಮುಂಜಾನೆ ಆಕೆ ಜಡೆ ಹಾಕಿಕೊಂಡು ಹೊಸ್ತಿಲು ದಾಟಿದಾಗ ಅವರು ಅಂಗಳದಲ್ಲೇ ಇದ್ದರು, ಏನೂ ಅನ್ನಲಿಲ್ಲ. ಅದನ್ನೂ ದಯೆಯೆಂದೇ ಎಣಿಸಿಕೊಂಡೆ.

ಕಾಲೇಜು ಬಿಟ್ಟಿದ್ದ ಆ ಇನ್ನೊಬ್ಬ ಹುಡುಗಿಯ ಮನೆಗೆ ಅಕ್ಕೋರು, ನಾನು ಇಬ್ಬರೂ ಹೋಗಿ ಬಂದೆವು. ಚಹಾ ಕೊಟ್ಟು ಮರ್ಯಾದೆ ಮಾಡಿದರು. ಅಷ್ಟರಲ್ಲಿ ಆಕೆಗೆ ವರ ಗೊತ್ತು ಮಾಡಿಬಿಟ್ಟಿದ್ದರು. ಹುಡುಗಿ ಕಪ್ಪು ತಂದಿಟ್ಟು ನಮ್ಮ ಮುಖ ನೋಡದೆ ಒಳಗೆ ಹೋದಳು. ಆ ಮನೆಯಿಂದ ಹಿಂದಿರುಗುವಾಗ ದಯೆಯೆಂದು ಎಣಿಸಲು ನನಗೇನೂ ಸಿಗಲಿಲ್ಲ.

ಮುಂದಿನ ವಾರ ಒಂದು ಮುಂಜಾನೆ ಮತ್ತೆ ನಮ್ಮವರಿಗೆ ಫೋನು ಬಂತು. ನಾನು ಒಲೆಯ ಮುಂದಿದ್ದೆ. ಹಂಚಿನ ಮೇಲೆ ರೊಟ್ಟಿ ಬಿಟ್ಟು ಕಿವಿಗೊಟ್ಟೆ. ಅಕ್ಕೋರ ದನಿ ಅಡುಗೆಮನೆತನಕ ಕೇಳುತ್ತಿತ್ತು.

“ನಮಸ್ಕಾರ್ರಿ. ಬಸ್ಸ ಇನ್ನೂ ಬಂದಿಲ್ಲ. ಎಲ್ಲಿತನಾ ಬಂದಿರಬೇಕ್ರಿ?”

ಇವರು ಕುಂತಲ್ಲಿಂದ ಎದ್ದು ನಿಂತರು. “ಕಾರ್ಖಾನಿ ತಿರುವಿನ ಹತ್ರ ಇರಬೇಕ್ರಿ ಅಕ್ಕೋರ. ಇವತ್ತ ಗಾಡಿ ಭಾಳ ಹೊಂಟಾವು. ತಡೀರಿ, ಈಗ ಕೇಳಿ ಹೇಳತೀನಿ.”

ತಕ್ಷಣ ಡ್ರೈವರಿಗೆ ಹಚ್ಚಿದರು. “ಲೇ, ಎಲ್ಲಿ ಅದೀಯೋ? ಹಾಡ ಬಂದ್ ಮಾಡಿ ಹಿಂದ ನೋಡು. ಬಸ್ಸಿಗೆ ದಾರಿ ಬಿಡ್ರಲೇ, ಅದರಾಗ ನನ್ನ ಮಗಳು ಅದಾಳ.”

ಹಂಚಿನ ಮೇಲಿನ ರೊಟ್ಟಿ ಸೀದುಹೋಗಿತ್ತು. ಅದನ್ನು ನಾನೇ ತಿಂದೆ.