ಐಸಿನೊಳಗಿನ ನೀರಿನ ಸದ್ದು

ಬೆಳಿಗ್ಗೆ ಎದ್ದು ಮುಖ ತೊಳೆದು, ದೇವರಿಗೆ ಕೈ ಮುಗಿದು, ಒಲೆ ಹೊತ್ತಿಸುವ ಮೊದಲು ಡಬ್ಬಿಯಕ್ಕ ಫ್ರಿಜ್ಜಿನ ಬಾಗಿಲು ತೆಗೆಯುತ್ತಾಳೆ. ಹಾಲಿಗಲ್ಲ, ತರಕಾರಿಗಲ್ಲ. ನಡುವಿನ ಅರೆಯಲ್ಲಿ ಹಾಲಿನ ಪಾತ್ರೆಗೆ ಒರಗಿಸಿಟ್ಟ ಒಂದು ಪುಟ್ಟ ಥರ್ಮಾಮೀಟರ್ ಇದೆ. ಬಗ್ಗಿ ಅದನ್ನು ನೋಡಿ, ಬಾಗಿಲು ಮುಚ್ಚಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ ಒಂದು ಅಂಕಿ ಬರೆಯುತ್ತಾಳೆ. ನಾಲ್ಕು. ಕೆಲವು ದಿನ ಐದು. ಸಂಜೆ ದೀಪ ಹಾಕಿದ ಮೇಲೆ ಇನ್ನೊಂದು ಸಲ. ಅವಳು ನಿವೃತ್ತಳಾಗಿ ಎಂಟು ವರ್ಷವಾಯಿತು. ಜ್ವರ ಬಂದು ಮಲಗಿದ ದಿನವೂ ಗೋಡೆ ಹಿಡಿದುಕೊಂಡು ಬಂದು ಬರೆದಿದ್ದಾಳೆ.

"ಹಾಲಿಗೇನಾದ್ರೂ ಜ್ವರ ಇದ್ಯಾ?" ಎಂದು ಗಂಡ ಹಾಸಿಗೆಯಿಂದಲೇ ಕೇಳುತ್ತಾನೆ. ಅವನು ಗಡಿಯಾರ ರಿಪೇರಿಯವನು. ಮೂವತ್ತೈದು ವರ್ಷದಿಂದ ಅದೇ ಹಾಸ್ಯ, ಅವಳದೂ ಅದೇ ಉತ್ತರ: "ಇಲ್ಲ, ಚೆನ್ನಾಗಿದೆ. ನಿಮ್ಮನ್ನ ಕೇಳ್ತಿತ್ತು."

ಡಬ್ಬಿಯಕ್ಕ ಎಂಬ ಹೆಸರು ಬಂದದ್ದು ಅವಳ ಎಡ ಹೆಗಲಿಂದ ತೂಗುತ್ತಿದ್ದ ನೀಲಿ ಪೆಟ್ಟಿಗೆಯಿಂದ. ಮಕ್ಕಳಿಗೆ ಹಾಕುವ ಲಸಿಕೆಯ ಸೀಸೆಗಳನ್ನು ತಣ್ಣಗೆ ಒಯ್ಯುವ ಪೆಟ್ಟಿಗೆ ಅದು. ಒಳಗೆ ನಾಲ್ಕೂ ಗೋಡೆಗೆ ಒಂದೊಂದರಂತೆ ನಾಲ್ಕು ಐಸ್ ಪ್ಯಾಕು, ನಡುವೆ ಸೀಸೆಗಳು. ಇಪ್ಪತ್ತೆರಡನೆಯ ವಯಸ್ಸಿಗೆ ಹೆಗಲಿಗೇರಿದ್ದು ಐವತ್ತೆಂಟಕ್ಕೆ ಇಳಿಯಿತು. ಈಗಲೂ ಅವಳ ಎಡ ಭುಜ ಒಂದು ಬೆರಳಿನಷ್ಟು ತಗ್ಗು. ದರ್ಜಿಯವನು ಪ್ರತಿ ಸಲವೂ ಗೊಣಗುತ್ತಾನೆ, ಈ ಭುಜಕ್ಕೆ ಬೇರೆಯದೇ ಅಳತೆ ಬರೆದುಕೊಳ್ಳಬೇಕೆಂದು.

ಕೆಲಸಕ್ಕೆ ಸೇರಿದ ಮೊದಲ ವಾರ ಹಿರಿಯ ನರ್ಸಮ್ಮ ಅವಳಿಗೆ ಸೂಜಿ ಹಿಡಿಯುವುದನ್ನು ಕಲಿಸಲಿಲ್ಲ, ಕೇಳುವುದನ್ನು ಕಲಿಸಿದಳು. ಕೆಲವು ಲಸಿಕೆ ಬಿಸಿಗೆ ಹಾಳಾಗುತ್ತವೆ, ಅದು ಎಲ್ಲರಿಗೂ ಗೊತ್ತು. ಕೆಲವು ಹೆಪ್ಪುಗಟ್ಟಿದರೂ ಹಾಳಾಗುತ್ತವೆ, ಅದನ್ನು ಮರೆಯುವವರೇ ಹೆಚ್ಚು. ಆದ್ದರಿಂದ ಕಲ್ಲಿನಂತೆ ಗಟ್ಟಿಯಾದ ಐಸ್ ಪ್ಯಾಕನ್ನು ನೇರವಾಗಿ ಪೆಟ್ಟಿಗೆಗೆ ಇಡುವಂತಿಲ್ಲ. ಮೇಜಿನ ಮೇಲೆ ಹರಡಿ, ಅದು ಬೆವರುವ ತನಕ ಕಾದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರು ಅಲುಗುವ ಸದ್ದು ಬಂದರೆ ಸರಿ. "ತೊಟ್ಟಿಲಲ್ಲಿರೋ ಮಗು ಎದ್ದಿದ್ಯಾ ಅಂತ ಕಿವಿ ಕೊಡ್ತೀವಲ್ಲ, ಹಾಗೆ ಕೇಳು," ಎಂದಿದ್ದಳು ನರ್ಸಮ್ಮ. ಅದನ್ನು ಮನೆಗೆ ಬಂದು ಹೇಳಿದಾಗ ಗಂಡ ಕೈಯಲ್ಲಿದ್ದ ಗಡಿಯಾರವನ್ನು ಕಿವಿಗೆ ಹಿಡಿದು, ಹಾಗಾದರೆ ನಮ್ಮಿಬ್ಬರ ಕಸುಬೂ ಒಂದೇ ಎಂದು ನಕ್ಕಿದ್ದ.

ಅವಳ ಪಾಲಿಗೆ ಬಂದ ಬೀದಿಗಳಲ್ಲಿ ಬಣ್ಣದವರ ಬೀದಿಯೂ ಒಂದು. ಬಟ್ಟೆಗೆ, ನೂಲಿಗೆ ಬಣ್ಣ ಹಾಕುವವರು. ಮನೆಯ ಮುಂದೆಲ್ಲ ಹಂಡೆಗಳು, ತಲೆಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಹಗ್ಗ, ಹಗ್ಗದ ತುಂಬ ತೊಟ್ಟಿಕ್ಕುವ ಬಟ್ಟೆ. ಚರಂಡಿಯಲ್ಲಿ ಇವತ್ತು ಕೆಂಪು ಹರಿದರೆ ನಾಳೆ ಹಸಿರು. ಅಲ್ಲಿಗೆ ಬಿಳಿ ಸಮವಸ್ತ್ರ ಹಾಕಿಕೊಂಡು ಹೋಗಿ ಬಿಳಿಯಾಗಿಯೇ ಬಂದವರಿಲ್ಲ. ಆ ಹಸಿ ಬಣ್ಣದ ವಾಸನೆಯನ್ನು ನೆನೆದರೆ ಡಬ್ಬಿಯಕ್ಕನಿಗೆ ಇವತ್ತಿಗೂ ಎದೆ ತುಂಬಿ ಬರುತ್ತದೆ. ಆಗ ಮಾತ್ರ ಆ ಬೀದಿ ಎಂದರೆ ಕಾಲು ಹಿಂದೇಟು ಹಾಕುತ್ತಿತ್ತು. ಒಂದು ಮಗುವಿಗೂ ಲಸಿಕೆ ಹಾಕಲು ಬಿಡುತ್ತಿರಲಿಲ್ಲ.

ಬೀದಿಯ ಮಾತೆಲ್ಲ ನಡೆಯುತ್ತಿದ್ದದ್ದು ನೀಲಿಯಜ್ಜಿಯ ಬಾಯಿಂದ. ನಲವತ್ತು ವರ್ಷ ನೀಲಿ ಹಂಡೆಯಲ್ಲಿ ಕೈಯಾಡಿಸಿ ಅವಳ ಎರಡೂ ಕೈ ಮೊಣಕೈತನಕ ನೀಲಿಯಾಗಿದ್ದವು, ತೊಳೆದರೆ ಹೋಗುವ ಬಣ್ಣವಲ್ಲ. ಮೊದಲ ದಿನವೇ ಅವಳು, ನಮ್ಮ ಮಕ್ಕಳಿಗೆ ನಾವೇ ಬೇಕಾದ ಬಣ್ಣ ಹಾಕಿಕೊಳ್ಳುತ್ತೇವೆ, ನಿನ್ನದೇನೂ ಬೇಡ ಹೋಗು ಎಂದಳು. ಮಿಕ್ಕ ಮನೆಗಳ ಬಾಗಿಲು ತಾವಾಗಿಯೇ ಮುಚ್ಚಿಕೊಂಡವು. ಆಸ್ಪತ್ರೆಯಿಂದ ಜೀಪಿಗೆ ಧ್ವನಿವರ್ಧಕ ಕಟ್ಟಿ ಕಳಿಸಿದರು. ಅದು ಕೂಗಿದ್ದನ್ನೇ ಬೀದಿಯ ಹುಡುಗಿಯರು ಮೂಗಿನಲ್ಲಿ ಅಣಕಿಸಿಕೊಂಡು ವಾರವಿಡೀ ಆಡಿದರು. ಗುಂಡಗಿನ ನಗುವ ಮಗುವಿನ ಪೋಸ್ಟರು ಕೊಟ್ಟರೆ ನೀಲಿಯಜ್ಜಿ ಅದನ್ನು ಹಂಡೆಗೆ ಮುಚ್ಚಿ, ಕಾಗದ ದಪ್ಪಗಿದೆ, ಇನ್ನೆರಡು ತಂದುಕೊಡು ಎಂದಳು.

ಡಬ್ಬಿಯಕ್ಕ ತಂದುಕೊಟ್ಟಳು. ಆಮೇಲೆ ಮಾತಾಡುವುದನ್ನು ಬಿಟ್ಟು ಕೂತಳು. ವಾರಕ್ಕೊಂದು ದಿನ ಊಟದ ಹೊತ್ತಿಗೆ ಅಜ್ಜಿಯ ಹಂಡೆಯ ಪಕ್ಕದ ಕಲ್ಲಿನ ಮೇಲೆ ಕೂತು, ಸೊಸೆಯಂದಿರ ಮೇಲಿನ ದೂರು, ಮಂಡಿ ನೋವಿನ ವಿಸ್ತಾರ, ಯಾವ ನೂಲು ಬಣ್ಣ ಕುಡಿಯುತ್ತದೆ, ಯಾವುದು ಉಗುಳುತ್ತದೆ ಎಂಬುದನ್ನೆಲ್ಲ ಕೇಳಿದಳು. ಹೀಗೆ ಏಳೆಂಟು ತಿಂಗಳು ಕಳೆದ ಮೇಲೆ ಒಂದು ದಿನ ಅಜ್ಜಿಯ ಒಳಗಿದ್ದದ್ದು ಹೊರಗೆ ಬಂತು. ಅವಳ ಹಿರಿಯ ಮೊಮ್ಮಗನಿಗೆ ಹಿಂದೆ ಯಾರೋ ಬಂದು ತೊಡೆಗೆ ಚುಚ್ಚಿ ಹೋಗಿದ್ದರು. ಸಂಜೆಗೆ ಮಗುವಿನ ಮೈ ಕೆಂಡ, ತೊಡೆಯಲ್ಲಿ ಗಡ್ಡೆ. ಮಗು ಕೈತಪ್ಪಿ ಹೋಯಿತೆಂದೇ ಮನೆಯವರೆಲ್ಲ ಅತ್ತಿದ್ದರು.

"ಅವನಿಗೇನೂ ಆಗ್ಲಿಲ್ಲ ಬಿಡು. ಈಗ ಕೋಣದ ಹಾಗೆ ಬೆಳೆದಿದಾನೆ," ಎಂದಳು ಅಜ್ಜಿ. "ಆದ್ರೆ ಅವತ್ತು ನಾನು ಸತ್ತು ಬದುಕಿದೆ. ಜ್ವರ ಬರುತ್ತೆ, ಹೆದರ್ಬೇಡಿ ಅಂತ ಒಂದು ಮಾತು ಹೇಳಿದ್ರೆ ಅವನ ಗಂಟೇನು ಹೋಗ್ತಿತ್ತು?"

ಡಬ್ಬಿಯಕ್ಕನಿಗೆ ದಾರಿ ಕಂಡದ್ದು ಆಗ. ಅಲ್ಲಿಂದ ಮುಂದೆ ಯಾವ ಮನೆಗೆ ಹೋದರೂ ಲಸಿಕೆಯ ಗುಣ ಹೇಳುವ ಮೊದಲು ಜ್ವರದ ಮಾತು ಹೇಳಿದಳು. ಬರುತ್ತದೆ, ಇಷ್ಟು ದಿನ ಇರುತ್ತದೆ, ಬಂದರೆ ಹೀಗೆ ಮಾಡಿ, ಮರುದಿನ ನಾನೇ ಬಂದು ನೋಡುತ್ತೇನೆ. ನಾಯಿಕೆಮ್ಮು, ಗಂಟಲಮಾರಿಯ ಮಾತು ಆಮೇಲೆ. ಒಂದೊಂದೇ ಬಾಗಿಲು ಅರ್ಧಕ್ಕೆ ತೆರೆಯಿತು. ಅಜ್ಜಿ ಮಾತ್ರ ಇನ್ನೊಂದು ಪ್ರಶ್ನೆ ಇಟ್ಟುಕೊಂಡಿದ್ದಳು: ನಿನ್ನ ಮಗಳಿಗೆ ಹಾಕ್ಸಿದೀಯಾ? ಎಲ್ಲ ಹಾಕಿಸಿದ್ದೇನೆ, ಆಸ್ಪತ್ರೆಯಲ್ಲಿ ಎಂದಳು ಡಬ್ಬಿಯಕ್ಕ.

"ಯಾರು ನೋಡಿದ್ರು?" ಎಂದಳು ನೀಲಿಯಜ್ಜಿ.

ಮಗಳಿಗೆ ಆಗ ಐದು ವರ್ಷ, ಆ ವಯಸ್ಸಿನ ಚುಚ್ಚುಮದ್ದು ಬಾಕಿಯಿತ್ತು. ಅದನ್ನು ಬಣ್ಣದವರ ಬೀದಿಯಲ್ಲೇ, ಎಲ್ಲರೆದುರಿಗೆ ಹಾಕುವುದೆಂದು ಮಾತಾಯಿತು. ಅದೇ ದಿನ ಬೀದಿಯ ಇಪ್ಪತ್ತೆರಡು ಮಕ್ಕಳಿಗೂ ಹಾಕಿಸುವುದಾಗಿ ಅಜ್ಜಿ ಒಪ್ಪಿದಳು. ಎರಡು ವರ್ಷದ ಕೆಲಸ ಒಂದು ಬೆಳಿಗ್ಗೆಗೆ ಬಂದು ನಿಂತಿತ್ತು.

ಆ ಬೆಳಿಗ್ಗೆಯೇ ಅವಳು ತಪ್ಪಿದ್ದು. ಐಸ್ ಪ್ಯಾಕುಗಳನ್ನು ಮೇಜಿನ ಮೇಲೆ ಇಟ್ಟು ಹತ್ತು ನಿಮಿಷವೂ ಆಗಿರಲಿಲ್ಲ. ಮಗಳ ಚಪ್ಪಲಿಯ ಪಟ್ಟಿ ಕಿತ್ತು ಬಂದು ಅವಳು ರಾಗ ತೆಗೆದಿದ್ದಳು, ಹೊರಗೆ ಜೀಪಿನ ಡ್ರೈವರ್ ಹಾರ್ನ್ ಒತ್ತಿ ಹಿಡಿದಿದ್ದ. ಡಬ್ಬಿಯಕ್ಕ ಒಂದು ಪ್ಯಾಕನ್ನು ಕಿವಿಗೆ ಎತ್ತಿದಳು, ಮಗಳು ಸೆರಗು ಎಳೆದಳು, ಆಗಿರುತ್ತೆ ಬಿಡು ಎಂದುಕೊಂಡು ನಾಲ್ಕನ್ನೂ ಪೆಟ್ಟಿಗೆಗಿಟ್ಟು ಮುಚ್ಚಿದಳು. ಬೀದಿಯಲ್ಲಿ ಮೊದಲ ಸೀಸೆ ಎತ್ತಿಕೊಂಡಾಗ ಅಂಗೈಗೆ ಎಂದಿಗಿಂತ ತಣ್ಣಗೆ ತಾಗಿದ್ದು ನಿಜ. ಆದರೆ ಸುತ್ತ ಅಷ್ಟು ಜನ, ಅಷ್ಟು ಸಂಭ್ರಮ. ಮಗಳಿಗೆ ಮೊದಲು ಹಾಕಿದಳು, ಆಮೇಲೆ ಒಬ್ಬೊಬ್ಬರಾಗಿ ಇಪ್ಪತ್ತೆರಡು ಮಕ್ಕಳಿಗೆ. ನೀಲಿಯಜ್ಜಿ ತನ್ನ ಕಿರಿಯ ಮೊಮ್ಮಗಳನ್ನು ತಾನೇ ತೊಡೆಯ ಮೇಲೆ ಹಿಡಿದುಕೊಂಡು ಕೂತಳು.

ಮಧ್ಯಾಹ್ನ ಆಸ್ಪತ್ರೆಗೆ ಮರಳಿ ಉಳಿದ ಸೀಸೆಗಳನ್ನು ತೆಗೆದಿಡುವಾಗ ಕಂಡಿತು. ಒಳ್ಳೆಯ ಸೀಸೆ ಅಲ್ಲಾಡಿಸಿದರೆ ನೀರು ಬೆರೆಸಿದ ಹಾಲಿನಂತೆ ಬಹಳ ಹೊತ್ತು ಒಂದೇ ಸಮ ಇರಬೇಕು. ಇದರಲ್ಲಿ ಬಿಳಿಯ ಚೂರುಗಳು ಕಣ್ಣೆದುರಿಗೇ ತಳಕ್ಕೆ ಇಳಿದವು. ಫ್ರಿಜ್ಜಿನಿಂದ ಬೇರೊಂದು ತೆಗೆದು ಪಕ್ಕಕ್ಕಿಟ್ಟು ಮತ್ತೆ ಅಲ್ಲಾಡಿಸಿದಳು. ಅನುಮಾನವೇ ಉಳಿಯಲಿಲ್ಲ. ಪೆಟ್ಟಿಗೆಯೊಳಗೆ ಮದ್ದು ಹೆಪ್ಪುಗಟ್ಟಿ ಕರಗಿತ್ತು. ಇಪ್ಪತ್ತಮೂರು ಮಕ್ಕಳಿಗೂ ಸೂಜಿಯ ನೋವು ಸಿಕ್ಕಿತ್ತು, ಕಾವಲು ಸಿಕ್ಕಿರಲಿಲ್ಲ.

ದೊಡ್ಡ ಡಾಕ್ಟರು ಕೆಟ್ಟವರಲ್ಲ. ಅವಳ ಮುಖ ನೋಡಿ ಕುರ್ಚಿ ಎಳೆದು ಕೂರಿಸಿದರು. ಮತ್ತೊಮ್ಮೆ ಹಾಕಿದರೆ ಮಕ್ಕಳಿಗೆ ತೊಂದರೆಯಿಲ್ಲ, ಹೆಚ್ಚಿನ ಡೋಸೊಂದು ಬಂದಿದೆ ಎಂದು ಹೇಳಿ ಹಾಕಿಬಿಡಿ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು.

"ನಿಜ ಹೇಳಿ ಅವರು ಬಾಗಿಲು ಹಾಕ್ಕೊಂಡ್ರೆ ಅಷ್ಟೂ ಮಕ್ಕಳು ಹಾಗೇ ಉಳೀತಾವೆ. ಆ ಹೊಣೆ ಯಾರದಮ್ಮ?"

ಅದೇ ಅವಳನ್ನು ಇರಿದದ್ದು. ಹಿಂದಿನ ಚಳಿಗಾಲದಲ್ಲಿ ಪಕ್ಕದ ಬೀದಿಯ ಮಗುವೊಂದು ನಾಯಿಕೆಮ್ಮಿನಲ್ಲಿ ಮುಖ ನೀಲಿಗಟ್ಟಿಸಿಕೊಂಡು ಉಸಿರಿಗೆ ಒದ್ದಾಡಿದ್ದನ್ನು ಅವಳು ನೋಡಿದ್ದಳು. ಸುಳ್ಳು ಹೇಳಿದರೆ ಮಕ್ಕಳು ಉಳಿದಾವು. ಆದರೆ ಜ್ವರ ಬರುತ್ತದೆಂಬ ಒಂದು ನಿಜದ ಮೇಲೆ ತೆರೆದ ಬಾಗಿಲುಗಳು ಅವು. ಆ ಸಂಜೆ ದೇವರ ಮುಂದೆ ಕೂತವಳು ಏನನ್ನೂ ಬೇಡಿಕೊಳ್ಳದೆ ಎದ್ದಳು. ಮರುದಿನ, ಜ್ವರ ನೋಡಲು ಬರುತ್ತೇನೆಂದು ಹೇಳಿದ್ದ ಹೊತ್ತಿಗೆ ಸರಿಯಾಗಿ, ಹೊಸ ಸೀಸೆಗಳಿದ್ದ ಪೆಟ್ಟಿಗೆ ಹೆಗಲಿಗೇರಿಸಿ, ಮಗಳ ಕೈ ಹಿಡಿದುಕೊಂಡು ಬೀದಿಗೆ ಹೋದಳು.

ಹಂಡೆಯ ಪಕ್ಕ ನಿಂತು ಎಲ್ಲ ಹೇಳಿದಳು. ಚಪ್ಪಲಿ, ಹಾರ್ನು ಯಾವುದನ್ನೂ ಹೇಳಲಿಲ್ಲ. ನಾನು ಕಾಯಲಿಲ್ಲ, ತಪ್ಪು ನನ್ನದು ಎಂದಷ್ಟೇ. ಹಂಡೆಯ ಬಣ್ಣ ಕಲಕುತ್ತಿದ್ದ ಅಜ್ಜಿಯ ಕೈಯ ಕೋಲು ನಿಂತಿತು. ಹೆಂಗಸರು ಕೈ ಒರೆಸಿಕೊಳ್ಳುತ್ತ ಸುತ್ತ ಸೇರಿದರು. ಸುಮ್ಮನೆ ಮಗುವನ್ನು ಅಳಿಸಿದಳೆಂದು ಒಬ್ಬ ಎಳೆಯ ತಾಯಿ ಅತ್ತಳು. ಕಲಿಯಲು ನಮ್ಮ ಮಕ್ಕಳ ತೊಡೆಯೇ ಬೇಕಿತ್ತೇ ಎಂದು ಹಿಂದಿನಿಂದ ಯಾರೋ ಕುಟುಕಿದರು.

"ನೀನು ಹೇಳ್ದಿದ್ರೆ ನಮಗೆ ಗೊತ್ತಾಗ್ತಾನೇ ಇರ್ಲಿಲ್ವಲ್ಲ," ಎಂದಳು ನೀಲಿಯಜ್ಜಿ. "ಯಾಕೆ ಹೇಳ್ದೆ?"

"ಇದನ್ನ ಮುಚ್ಚಿಟ್ರೆ ನಾಳೆ ಜ್ವರ ಬರುತ್ತೆ ಅಂತ ಯಾವ ಬಾಯಲ್ಲಿ ಹೇಳ್ಲಿ ಅಜ್ಜಿ?"

ಆಮೇಲೆ ಅಜ್ಜಿ ಬೈದಳು. ಕೂತು ಬೈದಳು, ಎದ್ದು ಬೈದಳು, ನಡುವೆ ನೀರು ಕುಡಿದು ಬೈದಳು. ಹಂಡೆಗಳಲ್ಲಿದ್ದ ಬಣ್ಣಗಳಿಗಿಂತ ಅವಳ ಬೈಗುಳಕ್ಕೆ ಬಣ್ಣ ಹೆಚ್ಚು. ಡಬ್ಬಿಯಕ್ಕ ಒಂದಕ್ಕೂ ಎದುರಾಡದೆ ಕೇಳಿದಳು. ಎಲ್ಲ ಮುಗಿದ ಮೇಲೆ ಅಜ್ಜಿ ಉಸಿರು ತೆಗೆದುಕೊಂಡು, ಆ ಹಾಳು ಐಸು ಹದಕ್ಕೆ ಬಂದಿದೆ ಎಂದು ತಿಳಿಯುವುದಾದರೂ ಹೇಗೆ ಎಂದು ಕೇಳಿದಳು. ಬಣ್ಣದ ಹದ ನೋಡಿ ಬದುಕಿದವಳು ಕೇಳುವ ಪ್ರಶ್ನೆಯೇ ಅದು.

ಡಬ್ಬಿಯಕ್ಕ ಪೆಟ್ಟಿಗೆ ತೆರೆದು ಒಂದು ಪ್ಯಾಕನ್ನು ಅವಳ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಅಜ್ಜಿ ಕಣ್ಣು ಮುಚ್ಚಿದಳು.

"ಒಳಗೆ ನೀರು ಓಡಾಡ್ತಿದೆ," ಎಂದಳು ಅಜ್ಜಿ. ಪ್ಯಾಕನ್ನು ಕಿತ್ತುಕೊಂಡು ಸೊಸೆಯ ಕಿವಿಗೆ ಹಿಡಿದಳು. ಅದು ಕಿವಿಯಿಂದ ಕಿವಿಗೆ ಹೋಗಿ ಮೈತುಂಬ ನೀಲಿ, ಕೆಂಪು, ಹಳದಿ ಬೆರಳಚ್ಚು ಹೊತ್ತುಕೊಂಡು ವಾಪಸು ಬಂತು.

ಈ ಸಲವೂ ಮೊದಲು ಮಗಳಿಗೇ ಹಾಕಬೇಕಿತ್ತು. ಅವಳು ಒಣಗಲು ಹಾಕಿದ್ದ ಬಟ್ಟೆಗಳ ಹಿಂದೆ ನುಗ್ಗಿ, ನಂಗೆ ನಿನ್ನೆನೇ ಆಯ್ತು, ಅಮ್ಮಂಗೇ ಹಾಕಿ ಎಂದು ಕಿರುಚಿದಳು. ಮೂವರು ಹೆಂಗಸರು ಅಟ್ಟಾಡಿಸಿ ಹಿಡಿದು ತಂದಾಗ ಅವಳ ಮುಖದಲ್ಲಿ ಎಲ್ಲ ಬಣ್ಣವೂ ಇತ್ತು. ಸೂಜಿ ಹಾಕುವವಳ ಮಗಳೇ ಸೂಜಿಗೆ ಹೆದರುತ್ತಾಳೆಂದು ಬೀದಿಗೆ ಬೀದಿಯೇ ನಕ್ಕಿತು, ಅಳುತ್ತಿದ್ದ ಆ ಎಳೆಯ ತಾಯಿಯೂ ಸೇರಿ. ಆ ದಿನ ಬೀದಿಯ ಹದಿನೆಂಟು ಮಕ್ಕಳಿಗಾಯಿತು. ವಾರದೊಳಗೆ ಇನ್ನು ಮೂವರು. ಇಪ್ಪತ್ತೆರಡನೆಯ ಮಗುವನ್ನು ಎತ್ತಿಕೊಂಡು ತಾಯಿ ಬೇರೆ ಊರಿಗೆ ಹೋಗಿಬಿಟ್ಟಿದ್ದಳು. ಡಬ್ಬಿಯಕ್ಕ ಬಸ್ಸು ಹತ್ತಿ ಹೋಗಿ, ಮೂರು ಸಲ ಬೈಸಿಕೊಂಡು, ನಾಲ್ಕನೆಯ ಸಲ ಹಾಕಿ ಬಂದಳು.

ಅಲ್ಲಿಂದ ಆ ಬೀದಿಯಲ್ಲೊಂದು ಪದ್ಧತಿ ಉಳಿಯಿತು. ಯಾರೇ ಪೆಟ್ಟಿಗೆ ತರಲಿ, ಮೊದಲು ಐಸನ್ನು ಕಿವಿಗೆ ಹಿಡಿಯಬೇಕು. ನೀರಿನ ಸದ್ದು ಕೇಳಿದ ಮೇಲೆಯೇ ಮಗುವಿನ ತೋಳು ಮುಂದೆ ಬರುವುದು.

ನೀಲಿಯಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಕೊನೆಗಾಲದಲ್ಲಿ ಮಲಗಿದ್ದಾಗ ನೋಡಲು ಹೋದ ಡಬ್ಬಿಯಕ್ಕನ ಕೈಯನ್ನು ಆ ನೀಲಿ ಕೈಗಳು ಬಹಳ ಹೊತ್ತು ಹಿಡಿದುಕೊಂಡಿದ್ದವು. ಹಂಡೆಗಳ ಜಾಗಕ್ಕೆ ಈಗ ಯಂತ್ರ ಬಂದಿದೆ, ಚರಂಡಿಗೆ ಕಲ್ಲು ಹಾಸಿದ್ದಾರೆ, ಬಿಳಿ ಬಟ್ಟೆ ಹಾಕಿಕೊಂಡು ಹೋದರೂ ಬಿಳಿಯಾಗಿಯೇ ಬರಬಹುದು. ಡಬ್ಬಿಯಕ್ಕನಿಗೆ ಅದೊಂದು ಕೊರತೆ.

ಹೋದ ತಿಂಗಳು ಮಗಳ ಮಗುವಿಗೆ ಚುಚ್ಚುಮದ್ದಿನ ದಿನ ಬಂತು. ಮನೆಯ ಹತ್ತಿರವೇ ಆಸ್ಪತ್ರೆಯಿದ್ದರೂ ಡಬ್ಬಿಯಕ್ಕ ಬಣ್ಣದವರ ಬೀದಿಯ ಶಾಲೆಯ ಕೋಣೆಗೇ ಹೋಗೋಣ ಎಂದಳು. ನಂಗೆ ಎರಡು ಸಲ ಚುಚ್ಚಿದ ಜಾಗ ತಾನೇ, ಇವನಿಗೆ ಒಂದೇ ಸಾಕು ಎಂದಳು ಮಗಳು. ಮೂವತ್ತು ವರ್ಷವಾದರೂ ಅವಳು ಆ ಲೆಕ್ಕ ಬಿಟ್ಟಿಲ್ಲ.

ಸಾಲು ಬಾಗಿಲಾಚೆಗೂ ಬೆಳೆದಿತ್ತು. ಒಳಗೆ ಹೊಸ ನರ್ಸು, ಚುರುಕಿನ ಹುಡುಗಿ. ಸಾಲಿನಲ್ಲಿ ಎಲ್ಲರಿಗಿಂತ ಮುಂದಿದ್ದ ತಾಯಿ, ಐಸು ಕೇಳ್ಸಿ ಎಂದಳು. ನರ್ಸು ಪ್ಯಾಕು ತೆಗೆದು ಅವಳ ಕಿವಿಗೆ ಹಿಡಿದು, ಸಾಲಿನ ಕಡೆ ನೋಡಿ ನಕ್ಕಳು. ಬೇರೆ ಯಾವ ಬೀದಿಯಲ್ಲೂ ಇಲ್ಲದ ಹುಚ್ಚು ಇದು, ಎಲ್ಲಿಂದ ಬಂತೋ ಎಂದಳು. ಮಗಳು ಬಾಯಿ ತೆರೆದಳು. ಡಬ್ಬಿಯಕ್ಕ ಮೆಲ್ಲಗೆ ಅವಳ ತೋಳು ಚಿವುಟಿದಳು.

ಅಷ್ಟರಲ್ಲಿ ಯಾರೋ ಡಬ್ಬಿಯಕ್ಕಾ ಎಂದು ಕೂಗಿದರು. ನರ್ಸು ತಲೆಯೆತ್ತಿದಳು. ಆ ಹೆಸರನ್ನು ಆಸ್ಪತ್ರೆಯಲ್ಲಿ ಕೇಳಿದ್ದಳು. ಎದ್ದು ಬಂದು ಕೈ ಹಿಡಿದುಕೊಂಡಳು.

"ನೀವ್ಯಾಕಕ್ಕ ಈ ಬಿಸಿಲಲ್ಲಿ? ಒಳಗೆ ಬನ್ನಿ, ಈಗ್ಲೇ ಹಾಕ್ಬಿಡ್ತೀನಿ. ಮುಂದಿನ ಸಲ ಬರೋದೇ ಬೇಡ, ಡಬ್ಬಿ ತಗೊಂಡು ನಾನೇ ಮನೆಗೆ ಬರ್ತೀನಿ."

ಸಾಲಿನವರೂ ದಾರಿ ಬಿಟ್ಟರು. ಡಬ್ಬಿಯಕ್ಕ ಮೊಮ್ಮಗನನ್ನು ತಗ್ಗಿದ ಎಡ ಭುಜದಿಂದ ಬಲಕ್ಕೆ ಬದಲಿಸಿಕೊಂಡಳು.

"ಬೇಡಮ್ಮ. ಮನೇಲಿ ಹಾಕಿದ್ರೆ ಯಾರು ನೋಡ್ತಾರೆ?" ಎಂದು ತನಗಿಂತ ಮುಂದಿದ್ದ ಹನ್ನೊಂದು ತಾಯಂದಿರ ಹಿಂದೆ ತನ್ನ ಜಾಗದಲ್ಲೇ ನಿಂತಳು.